ನುಡಿಯಲ್ಲೇ ಕಳಿಸಿ, ಸರ್

ಅಕ್ಟೋಬರ್ ಬಂತೆಂದರೆ ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ ಜೀವ ಬರುತ್ತದೆ. ವರ್ಷವೆಲ್ಲ ಎಲ್ಲಿದ್ದರೋ ಗೊತ್ತಿಲ್ಲದ ಪದಾಧಿಕಾರಿಗಳು ಶಲ್ಯ ಕೊಡವಿಕೊಂಡು ಏಳುತ್ತಾರೆ. ಬಾವುಟಕ್ಕೆ ಒಬ್ಬರು, ಭುವನೇಶ್ವರಿಯ ಫೋಟೋಗೆ ಒಬ್ಬರು, ಆರ್ಕೆಸ್ಟ್ರಾ ಕರೆಸುವುದಕ್ಕೆ ಎಲ್ಲರೂ. ಸ್ಮರಣ ಸಂಚಿಕೆ ಅಂದ ತಕ್ಷಣ ಮಾತ್ರ ಸಭೆಯಲ್ಲಿ ಎಲ್ಲರಿಗೂ ಫೋನ್ ಬರುತ್ತದೆ. ಹಾಗಾಗಿ ಅದು ಪ್ರತಿ ವರ್ಷ ಒಬ್ಬರೇ ಹಿರಿಯರ ತಲೆಗೆ ಕಟ್ಟುತ್ತದೆ. ಅವರನ್ನು ನಾವು ಸಂಪಾದಕರು ಅಂತಲೇ ಕರೆಯುವುದು. ಅವರ ತಲೆಯಿಂದ ಇಳಿದ ಹೊರೆ ನೇರ ನನ್ನ ತಲೆಗೆ.

ಈ ಸಲ ಗಡುವಿಗೆ ಮುಂಚೆಯೇ ಲೇಖನ ಕಳಿಸಿ ಆರಾಮಾಗಿ ಕೂತಿದ್ದೆ. ನಿನ್ನೆ ಬೆಳಗ್ಗೆ ಅವರ ಮೆಸೇಜ್ ಬಂತು.

"ಲೇಖನ ತಲುಪಿತು ಸರ್ ಚೆನ್ನಾಗಿದೆ ಆದರೆ ಯುನಿಕೋಡಿನಲ್ಲಿದೆ ಪ್ರೆಸ್ಸಿನವರು ಒಪ್ಪಲ್ಲ ದಯವಿಟ್ಟು ನುಡಿಯಲ್ಲೇ ಕಳಿಸಿ ಹಾಲು ಉಕ್ತಾ ಇದೆ ನೋಡೇ"

ಕೊನೆಯ ಮಾತು ನನಗಲ್ಲ. ಅದನ್ನು ಬಿಡಿಸಿ ಓದುವ ಅಭ್ಯಾಸ ನನಗೀಗ ಆಗಿದೆ. ಮಿಕ್ಕದ್ದರಲ್ಲಿ ನುಡಿ ಅಂದರೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಒಂದು ತಂತ್ರಾಂಶ, ಯುನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಸ್ವಂತ ಜಾಗ ಕೊಟ್ಟಿರುವ ಈಗಿನ ಪದ್ಧತಿ.

ವಿಷಯ ಏನೆಂದರೆ, ನಮ್ಮ ಸಂಪಾದಕರು ಟೈಪ್ ಮಾಡುವುದಿಲ್ಲ. ಬೆರಳು ದಪ್ಪ, ಕೀಲಿ ಸಣ್ಣ. ಶಿಫ್ಟ್ ಒತ್ತಲು ಮರೆತು 'ನಾಳೆ ಬರ್ತೇನೆ' ಎನ್ನುವುದನ್ನು 'ನಾಲೆ ಬರ್ತೇನೆ' ಅಂತ ಕಳಿಸಿ ಸಾಕಷ್ಟು ಅನುಭವಿಸಿದ್ದಾರೆ. ಆಮೇಲೆ ಅವರ ಮೊಮ್ಮಗಳು ಫೋನಿನಲ್ಲಿ ಮೈಕಿನ ಗುರುತು ತೋರಿಸಿಕೊಟ್ಟಳು. ಮಾತಾಡಿದರೆ ಸಾಕು, ಅದೇ ಬರೆದುಕೊಳ್ಳುತ್ತದೆ. ಅಂದಿನಿಂದ ಅವರಿಗೂ ನೆಮ್ಮದಿ ಇಲ್ಲ, ನಮಗೂ ಇಲ್ಲ.

ಆ ಮೈಕಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ಸುಳ್ಳು ಹೇಳಬಾರದು. ಆದರೆ ಯಾರು ಯಾರಿಗೆ ಹೇಳಿದ್ದು ಅನ್ನುವುದು ಅದಕ್ಕೆ ಬೇಕಾಗಿಲ್ಲ. ಪೂರ್ಣವಿರಾಮದ ಗೊಡವೆಯೂ ಇಲ್ಲ. ಸಂಪಾದಕರು ಅದನ್ನು ಹಿಡಿಯುವುದು ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು. ನಡುವೆ ಹೆಂಡತಿ ಏನೋ ಕೇಳುತ್ತಾರೆ. ಇವರು ಫೋನ್ ಬಾಯಿಂದ ಒಂದಿಂಚು ದೂರ ಸರಿಸಿ ಉತ್ತರ ಕೊಡುತ್ತಾರೆ. ಒಂದಿಂಚು ಸರಿಸಿದರೆ ಅದಕ್ಕೆ ಕೇಳಿಸುವುದಿಲ್ಲ ಅಂತ ಅವರ ಬಲವಾದ ನಂಬಿಕೆ. ಒಮ್ಮೆ ನಾನೇ ಮೆಲ್ಲಗೆ ಹೇಳಿ ನೋಡಿದೆ. "ಹೌದಾ? ಇರಲಿಕ್ಕಿಲ್ಲ ಸರ್, ನಾನು ದೂರ ಹಿಡೀತೀನಲ್ಲ" ಅಂದರು.

ಸಂಘದ ಗುಂಪಿನಲ್ಲಿ ಒಬ್ಬ ಹಿರಿಯ ಸದಸ್ಯರು ತೀರಿಕೊಂಡ ಸುದ್ದಿ ಬಂದಿತ್ತು. ಎಲ್ಲರೂ ಓಂ ಶಾಂತಿ ಹಾಕುತ್ತಿದ್ದಾಗ ಇವರದು ಬಂತು: "ಅವರ ಆತ್ಮಕ್ಕೆ ಚಿರಶಾಂತಿ ಸಿಗಲಿ ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು." ಯಾರೂ ನಗುವ ಹಾಗಿಲ್ಲ. ಸುಮ್ಮನಿರುವ ಹಾಗೂ ಇಲ್ಲ. ಒಬ್ಬರು ಧೈರ್ಯ ಮಾಡಿ ಕೈ ಮುಗಿದ ಚಿತ್ರ ಹಾಕಿದರು. ಅದು ಆತ್ಮಕ್ಕೋ ಕಾಫಿಗೋ ಇವತ್ತಿಗೂ ತೀರ್ಮಾನ ಆಗಿಲ್ಲ.

ಈ ವರ್ಷದ ಗಡುವಿನ ಮೆಸೇಜ್ ಇದಕ್ಕಿಂತ ದೊಡ್ಡ ಗೊಂದಲ ಮಾಡಿತು. "ಲೇಖನ ಕಳಿಸಲು ಹತ್ತನೇ ತಾರೀಕು ಕೊನೆಯ ದಿನ ಅಲ್ಲ ಕಣೇ ನಾಳಿದ್ದು." ಅರ್ಧ ಜನ ಹತ್ತೇ ಕೊನೆ ಅಂದುಕೊಂಡರು. ಇನ್ನರ್ಧ ಜನ ಹತ್ತು ಕೊನೆಯಲ್ಲ, ನಾಳಿದ್ದೇ ಕೊನೆ ಅಂದುಕೊಂಡು ರಾತ್ರಿಯೆಲ್ಲ ಕೂತು ಕವನ ಬರೆದು ಕಳಿಸಿದರು. ಅದು ಗಡುವಿನ ಮಾತೇ ಅಲ್ಲ, ಯಾರದೋ ಮನೆಯ ನಾಮಕರಣದ ದಿನ ಅಂತ ಆಮೇಲೆ ಗೊತ್ತಾಯಿತು. ಅವಸರದಲ್ಲಿ ಬಂದ ಆ ಕವನಗಳನ್ನು ಬೇಡ ಅನ್ನುವುದಕ್ಕಾಗಲಿಲ್ಲ. ಸಂಚಿಕೆ ಎಂಟು ಪುಟ ಜಾಸ್ತಿ ಆಯಿತು. ಆ ಎಂಟು ಪುಟಕ್ಕೆ ಜಾಹೀರಾತು ಹುಡುಕುವ ಕೆಲಸ ಯಾರಿಗೆ ಬಿತ್ತು ಅಂತ ಬೇರೆ ಹೇಳಬೇಕಾ?

ಇರಲಿ, ನುಡಿಗೆ ಬರೋಣ. ನುಡಿಯನ್ನು ಬೈಯುವ ಉದ್ದೇಶ ನನಗೆ ಖಂಡಿತ ಇಲ್ಲ. ರಾಜ್ಯ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಅದನ್ನು ಮಾಡಿಕೊಡದಿದ್ದರೆ ನಮ್ಮ ಕಚೇರಿಗಳಲ್ಲಿ ಕನ್ನಡ ಇನ್ನೂ ಟೈಪ್‌ರೈಟರಿನಲ್ಲೇ ಇರುತ್ತಿತ್ತು. ಅದರ ಕೀಲಿಮಣೆಗೆ ಆಧಾರವಾದ ಕೆ. ಪಿ. ರಾವ್ ಅವರ ವಿನ್ಯಾಸ ಕಲಿತವರು ಅದನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ನಾನೂ ಮುಟ್ಟುವುದಿಲ್ಲ. ನುಡಿಯಲ್ಲೇ ಯುನಿಕೋಡ್ ಕೂಡ ಬರೆಯಬಹುದು. ಆದರೆ ಸಂಪಾದಕರು ಕೇಳುತ್ತಿರುವುದು ಆ ನುಡಿಯನ್ನಲ್ಲ. ಹಳೇ ನುಡಿಯನ್ನು.

ಆ ಹಳೇ ಪದ್ಧತಿಯಲ್ಲಿ ಕಂಪ್ಯೂಟರಿನೊಳಗೆ ಕನ್ನಡ ಅನ್ನುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳು, ಯುರೋಪಿನವರ ಚಿಹ್ನೆಗಳು ಇರುವ ಜಾಗದಲ್ಲಿ ಕನ್ನಡದ ಅಕ್ಷರ, ಕೊಂಬು, ಒತ್ತುಗಳ ಚಿತ್ರ ಕೂರಿಸಿದ್ದಾರೆ, ಅಷ್ಟೇ. ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ಬಣ್ಣ ಬಯಲು. ಕ ಇರಬೇಕಾದಲ್ಲಿ ಇಂಗ್ಲಿಷಿನ ಪಿ. ಡ ಇರಬೇಕಾದಲ್ಲಿ ಕ್ಯೂ. ನ ಇರಬೇಕಾದಲ್ಲಿ ಬ್ರಿಟಿಷರ ಪೌಂಡ್ ಗುರುತು! ಅಂದರೆ 'ಕನ್ನಡ' ಅಂತ ಬರೆದರೆ ನಟ್ಟನಡುವೆ ಪೌಂಡ್ ಬಂದು ಕೂರುತ್ತದೆ. ಬ್ರಿಟಿಷರು ದೇಶ ಬಿಟ್ಟು ಹೋದರೂ ನಮ್ಮ ಸುತ್ತೋಲೆಗಳನ್ನು ಬಿಟ್ಟಿರಲಿಲ್ಲ.

ಯುನಿಕೋಡ್ ಬಂದು ಈ ಬಾಡಿಗೆ ಮನೆಯ ಗೋಳು ತಪ್ಪಿಸಿತು. ಕನ್ನಡಕ್ಕೇ ಅಂತ 128 ಸೈಟುಗಳ ಒಂದು ಬಡಾವಣೆ ಬರೆದುಕೊಟ್ಟಿತು. ಅದರಲ್ಲಿ ಕೆಲವು ಸೈಟು ಇನ್ನೂ ಖಾಲಿ ಇವೆ, ಯಾರೂ ಒತ್ತುವರಿ ಮಾಡಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಅನ್ನುವ ಯುನಿಕೋಡ್ ಕನ್ನಡ ಫಾಂಟೇ ಬಂದಿತ್ತು. ಹಾಗಾದರೆ ತೊಂದರೆ ಎಲ್ಲಿ? ನಮ್ಮ ಸಂಚಿಕೆ ಸಿದ್ಧವಾಗುವ ಡಿಟಿಪಿ ಅಂಗಡಿಯಲ್ಲಿ. ಅಲ್ಲಿ ಪುಟ ಕಟ್ಟುವುದು ಪೇಜ್‌ಮೇಕರ್ ಅನ್ನುವ ತಂತ್ರಾಂಶದಲ್ಲಿ. ಅದರ ಕೊನೆಯ ಆವೃತ್ತಿ ಏಳನೆಯದು, ಬಂದದ್ದು ಅದೇ 2001ರಲ್ಲಿ. ಅದಕ್ಕೆ ಯುನಿಕೋಡ್ ಕನ್ನಡದ ಗಂಧಗಾಳಿ ಇಲ್ಲ. ಅಂಗಡಿಯವರಿಗೆ ಅದನ್ನು ಬಿಡುವ ಮನಸ್ಸೂ ಇಲ್ಲ. ಮದುವೆ ಕಾರ್ಡು, ಕರಪತ್ರ, ತಿಥಿ ಕಾಗದ ಎಲ್ಲದರ ಹಳೇ ಫೈಲುಗಳು ಅದರಲ್ಲೇ ಇವೆಯಲ್ಲ.

ಸರಿ, ಕನ್ವರ್ಟರ್‌ಗೆ ಹಾಕಿದೆ. ಒಂದು ಕಡೆ ಯುನಿಕೋಡ್ ಸುರಿದರೆ ಇನ್ನೊಂದು ಕಡೆ ನುಡಿ ಬೀಳುತ್ತದೆ. ಬಿತ್ತು ಕೂಡ. ನೋಡಿದರೆ ಲೇಖನದ ತುಂಬ ಪ್ರಶ್ನಾರ್ಥಕ ಚಿಹ್ನೆ.

ಇದರ ಹಿಂದಿನ ಕಥೆ ಕನ್ನಡ ಟೈಪ್ ಮಾಡುವವರಿಗೆಲ್ಲ ಗೊತ್ತಿರುತ್ತದೆ. 'ಸಾಫ್ಟ್‌ವೇರ್' ಅಂತ ಸುಮ್ನೆ ಕುಟ್ಟುತ್ತಾ ಹೋದರೆ 'ಸಾಫ್ಟ್ವೇರ್' ಆಗುತ್ತದೆ, ವ ಹೋಗಿ ಫ ಕೆಳಗೆ ಟ ಜೊತೆ ಒತ್ತಾಗಿ ನೇತುಬೀಳುತ್ತದೆ. ಅದು ಆಗದಂತೆ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಅಕ್ಷರ ಹಾಕಬೇಕು. ನಾನು ಅದನ್ನು ನಿಷ್ಠೆಯಿಂದ ಹಾಕುವವನು. ಎಷ್ಟೋ ಜನ ಹಾಕುವುದಿಲ್ಲ, ಅವರೇ ಸುಖಿಗಳು. ಯಾಕೆಂದರೆ ಹಳೇ ನುಡಿಯಲ್ಲಿ ಈ ಕಾಣದ ಅಕ್ಷರಕ್ಕೆ ಜಾಗವೇ ಇಲ್ಲ. ನನ್ನ ಕನ್ವರ್ಟರ್ ಅದು ಸಿಕ್ಕಲ್ಲೆಲ್ಲ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಒಗೆದು ಮುಂದೆ ಹೋಗಿತ್ತು. 'ಸಾಫ್ಟ್?ವೇರ್ ಇಂಜಿನಿಯರ್.' ಇಂಥವರಿಗೆ ಹೆಣ್ಣು ಕೊಡುವುದಕ್ಕೆ ಯೋಚಿಸಬೇಕು. 'ಪಾಸ್?ಪೋರ್ಟ್.' ಇದಕ್ಕೆ ಪೊಲೀಸ್ ವಿಚಾರಣೆ ಗ್ಯಾರಂಟಿ. ಅಲ್ಲಿಯವರೆಗೂ ನಗುತ್ತಾ ತಿದ್ದುತ್ತಿದ್ದೆ. ಮೂರನೇ ಪುಟಕ್ಕೆ ಬಂದಾಗ ಬೆವರು ಬಂತು.

'ಡಾ. ರಾಜ್?ಕುಮಾರ್.'

ರಾಜ್ಯೋತ್ಸವದ ಸಂಚಿಕೆ ಸ್ವಾಮಿ! ಮುಖಪುಟದಲ್ಲಿ ಅವರದೇ ಚಿತ್ರ. ಗೋಕಾಕ್ ಚಳವಳಿಯ ಬಗ್ಗೆ ನಾನು ಬರೆದ ಪ್ಯಾರಾದಲ್ಲಿ, ಅವರು ಬೀದಿಗಿಳಿದ ಮೇಲೆ ಜನ ಹೇಗೆ ಹರಿದು ಬಂದರು ಅನ್ನುವ ಸಾಲಿನಲ್ಲೇ, ಹೆಸರಿನ ನಡುವೆ ಅನುಮಾನದ ಕೊಕ್ಕೆ. ಇದೇನಾದರೂ ಅಚ್ಚಾಗಿದ್ದರೆ ಸಂಘದ ಕಚೇರಿಗೆ ಕಿಟಕಿ ಗಾಜು ಉಳಿಯುತ್ತಿತ್ತಾ? ಕಾಣದ ಅಕ್ಷರವನ್ನು ಪ್ರಶ್ನಿಸುವ ಹಕ್ಕು ಯಂತ್ರಕ್ಕೆ ಇರಬಹುದು. ಆದರೆ ಎಲ್ಲಿ ಪ್ರಶ್ನೆ ಕೇಳಬೇಕು ಅನ್ನುವ ಬುದ್ಧಿ ಬೇಡವಾ?

ಇಂಗ್ಲಿಷಿನದು ಇನ್ನೊಂದು ಅಧ್ವಾನ. ಸಂಘದ ಇಮೇಲ್ ವಿಳಾಸ ಇಂಗ್ಲಿಷಿನಲ್ಲಿತ್ತು. ಅದಕ್ಕೆ ನುಡಿ ಫಾಂಟ್ ಹಚ್ಚಿದ ಕೂಡಲೇ ಅರೆಬರೆ ಅಕ್ಷರಗಳ ರಾಶಿಯಾಯಿತು. ಹೋದ ವರ್ಷ ಹಾಗೇ ಅಚ್ಚಾಗಿತ್ತು. ಓದುಗರ ಪತ್ರ ಒಂದೂ ಬರಲಿಲ್ಲ ಅಂತ ಸಂಪಾದಕರಿಗೆ ಬೇಸರ ಬೇರೆ. ಅದೇ ಸಂಚಿಕೆಯ ಕೊನೆಯ ಪುಟದಲ್ಲಿ 'ದನ ಸಹಾಯ ಮಾಡಿದ ಮಹನೀಯರು' ಅಂತ ದಪ್ಪಕ್ಷರದಲ್ಲಿ ಪಟ್ಟಿ ಇತ್ತು. ಇದರಲ್ಲಿ ಯಂತ್ರದ ತಪ್ಪಿಲ್ಲ, ಒಂದು ಸೀಳು ಹಾಕಲು ಯಾರೋ ಬೆರಳು ಎತ್ತಲಿಲ್ಲ. ಪಟ್ಟಿಯಲ್ಲಿದ್ದ ಕಾಂಟ್ರಾಕ್ಟರೊಬ್ಬರು ಈ ವರ್ಷ ಜಾಹೀರಾತು ಕೇಳಲು ಹೋದ ನನಗೆ, "ಹೋದ ವರ್ಷ ಎಷ್ಟು ಹಸು ಕೊಟ್ಟಿದ್ದೆ ಸರ್?" ಅಂತ ಕೇಳಿದರು. ದುಡ್ಡು ಕೊಟ್ಟರು, ಆದರೆ ಕೇಳಿಯೇ ಕೊಟ್ಟರು.

ಉಲ್ಟಾ ಹಾದಿ ಇನ್ನೂ ಕಷ್ಟ. ನುಡಿಯಿಂದ ಯುನಿಕೋಡ್‌ಗೆ ತರುವಾಗ ಅರ್ಕಾವತ್ತು ಕೈಗೆ ಸಿಗುವುದಿಲ್ಲ. ನುಡಿಯಲ್ಲಿ ಅದು ಅಕ್ಷರದ ಬೆನ್ನಿಗೆ ಕೂರುತ್ತದೆ, ಯುನಿಕೋಡಿನಲ್ಲಿ ರ್ ಮುಂಚೆ ಬರಬೇಕು. ಕನ್ವರ್ಟರ್‌ಗೆ ಇದು ತಿಳಿಯದಿದ್ದರೆ 'ಕಾರ್ಯದರ್ಶಿ' ಹೋಗಿ 'ಕಾಯರ್ದಶಿರ್' ಆಗಿ ಬರುತ್ತಾರೆ. ನಮ್ಮ ಕಾರ್ಯದರ್ಶಿಗಳು ಹಾಗೆ ಒಮ್ಮೆ ಬಂದಿದ್ದಾರೆ. ತಮ್ಮ ವಿರೋಧಿ ಬಣದ ಕೈವಾಡ ಅಂತಲೇ ಇವತ್ತಿಗೂ ನಂಬಿದ್ದಾರೆ.

ಇಷ್ಟೆಲ್ಲ ಸಿಟ್ಟು ಬರುವುದಕ್ಕೆ ಕಾರಣ ಬಹುಶಃ ಬೇರೆ. ಈ ಜಗಳ ಮುಗಿದು ಹೋಯಿತು ಅಂದುಕೊಂಡಿದ್ದೆ. 1998ರಲ್ಲಿ ಬರಹ ಅನ್ನುವ ಕನ್ನಡ ತಂತ್ರಾಂಶ ಬಂದಾಗ ಪರದೆ ಮೇಲೆ ನನ್ನ ಹೆಸರು ಕನ್ನಡದಲ್ಲಿ ಮೂಡಿದ್ದನ್ನು ಮನೆಯವರನ್ನೆಲ್ಲ ಕರೆದು ತೋರಿಸಿದವನು ನಾನು. ಅದಾದ ಕೆಲವು ವರ್ಷಕ್ಕೆ, ಕನ್ನಡ ವಿಕಿಪೀಡಿಯ ಇನ್ನೂ ಎಳೆಗೂಸಾಗಿದ್ದ ಕಾಲಕ್ಕೆ, ಒಂದಷ್ಟು ಜನ ರಾತ್ರಿ ಕೂತು ಅಂತರ್ಜಾಲದಲ್ಲಿ ಕನ್ನಡ ಬರೆಯತೊಡಗಿದರು. ಒಬ್ಬ ಬ್ಯಾಂಕಿನವನು, ಒಬ್ಬಳು ಅಮೆರಿಕದಲ್ಲಿದ್ದ ಗೃಹಿಣಿ, ಒಬ್ಬ ಇಂಜಿನಿಯರಿಂಗ್ ಫೇಲಾದ ಹುಡುಗ. ಎಲ್ಲರಿಗೂ ಒಂದೊಂದು ಗುಪ್ತನಾಮ. ಕೆ ಒತ್ತಿದರೆ ಕ ಬರಬೇಕು ಅನ್ನುವ ಕೆ. ಪಿ. ರಾವ್ ಪಂಗಡಕ್ಕೂ, ಕೆ ಆದ ಮೇಲೆ ಎ ಒತ್ತಬೇಕು ಅನ್ನುವ ಬರಹದ ಪಂಗಡಕ್ಕೂ ಬೆಳಗಾಗುವವರೆಗೆ ಜಗಳ. ಹೊಸಬರು ಯಾರಾದರೂ 'ನನಗೆ ಬರೀ ಡಬ್ಬಿಗಳು ಕಾಣುತ್ತಿವೆ' ಅಂದರೆ ಎಲ್ಲರೂ ಜಗಳ ನಿಲ್ಲಿಸಿ ಫಾಂಟ್ ಹಾಕುವುದು ಹೇಗೆ ಅಂತ ಹೇಳಿಕೊಡುತ್ತಿದ್ದರು. ಮೊದಲ ಸಲ ಎದುರಾಬದುರು ಸಿಕ್ಕಾಗ ಯಾರಿಗೂ ಯಾರ ನಿಜವಾದ ಹೆಸರೂ ಬಾಯಿಗೆ ಬರಲಿಲ್ಲ.

ಆ ಬ್ಲಾಗುಗಳು ಇನ್ನೂ ಇವೆ. ಅಪರೂಪಕ್ಕೆ ಹೋಗಿ ನೋಡುತ್ತೇನೆ. ಬಹಳಷ್ಟರಲ್ಲಿ ಕೊನೆಯ ಬರಹದ ಕೆಳಗೆ 'ಮುಂದಿನ ವಾರ ಮುಂದುವರಿಸುತ್ತೇನೆ' ಅಂತಿದೆ. ತಾರೀಕು 2010, 2011. ಒಂದು ಪ್ರೇಮಕಥೆಯಂತೂ ಹುಡುಗ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವಲ್ಲಿಗೆ ನಿಂತಿದೆ. ಅಲ್ಲಿಗೆ ಮೆಟ್ರೋನೇ ಬಂತು, ಅವನ ಬಸ್ಸು ಬರಲಿಲ್ಲ.

ಇವತ್ತು ತಿದ್ದಿದ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ನಾನೇ ಡಿಟಿಪಿ ಅಂಗಡಿಗೆ ಹೋದೆ. ಇಮೇಲ್ ಮೇಲಿನ ನಂಬಿಕೆ ಹೋಗಿತ್ತು. ಅಲ್ಲಿ ಕೂತಿದ್ದಾಕೆ ಫೈಲು ತೆರೆದು, ಎರಡು ಸಲ ಮೇಲೆ ಕೆಳಗೆ ಮಾಡಿ ಮುಚ್ಚಿದರು.

"ಸರ್, ಈ ಕನ್ವರ್ಟ್ ಮಾಡಿದ್ದು ಬೇಡ. ಒಂದೊಂದೇ ತಪ್ಪು ಹುಡುಕುತ್ತಾ ಕೂತರೆ ಸಂಜೆ ಆಗುತ್ತೆ. ಪ್ರಿಂಟ್ ಇದೆಯಾ?"

"ಪ್ರಿಂಟಾ?"

"ಹೂಂ, ಪೇಪರ್ ಮೇಲೆ ಕೊಡಿ. ನಾನೇ ಕುಟ್ಕೋತೀನಿ."

ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದೆ. ಆಕೆ ಅದನ್ನು ಒಂದು ಕ್ಲಿಪ್ಪಿಗೆ ಸಿಕ್ಕಿಸಿ, ಕೀಲಿಮಣೆ ಕಡೆ ಒಮ್ಮೆಯೂ ನೋಡದೆ ಕುಟ್ಟಿದರು. ನಾನು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಮೂರು ಪುಟ ಮುಗಿದಿತ್ತು. ರಾಜ್‌ಕುಮಾರ್ ಅವರ ಹೆಸರಿನಲ್ಲಿ ಯಾವ ಅನುಮಾನವೂ ಇರಲಿಲ್ಲ. ನೋಡಿದರೆ ಖುಷಿಯಾಗಬೇಕು. ಆಯಿತು ಕೂಡ. ಜೊತೆಗೆ ಮೈಯೆಲ್ಲ ಉರಿಯಿತು.

ಮನೆ ತಲುಪುವ ಮೊದಲೇ ಸಂಪಾದಕರ ಮೆಸೇಜ್ ಬಂತು.

"ಲೇಖನ ನುಡಿಯಲ್ಲಿ ಬಂತಂತೆ ಬಹಳ ಸಂತೋಷ ಸರ್ ಇನ್ನೊಂದು ಉಪಕಾರ ಆಗಬೇಕು ಫೇಸ್‌ಬುಕ್ಕಿಗೆ ಹಾಕಬೇಕಂತೆ ಅದಕ್ಕೆ ನುಡಿ ಆಗಲ್ಲವಂತೆ ನಿಮ್ಮ ಲೇಖನ ಯುನಿಕೋಡಿಗೆ ಮಾಡಿಕೊಡ್ತೀರಾ ಬದನೆಕಾಯಿ ಬೇಡ ಮೊನ್ನೆ ತಾನೇ ಮಾಡಿದ್ದೆ"

ಮೂಲ ಫೈಲು ನನ್ನ ಫೋನಿನಲ್ಲೇ ಇದೆ. ಆಗಲೇ ಕಳಿಸಬಹುದಿತ್ತು.

"ಮಾಡೋಣ ಸರ್. ಆದರೆ ಬಹಳ ಕಷ್ಟದ ಕೆಲಸ, ಅರ್ಕಾವತ್ತು ಸಮಸ್ಯೆ ಇದೆ. ಒಂದು ವಾರವಾದರೂ ಬೇಕು" ಅಂತ ಬರೆದೆ. ಜಾಹೀರಾತಿನ ಕೆಲಸವನ್ನು ಅಲ್ಲಿಯವರೆಗೆ ಬೇರೆ ಯಾರಿಗಾದರೂ ಕೊಡಿ ಅಂತಲೂ ಸೇರಿಸಿದೆ.