‘ಬಿಡ್ತು ಅನ್ನು’ ಅಂತ ಇನ್ನೆಷ್ಟು ದಿನ?

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಮೇಲಿನ ಮನೆ ಅಜ್ಜಿ ಬೆಲ್ ಮಾಡಿ, ಊಟ ಆದ್ಮೇಲೆ ಹತ್ತು ನಿಮಿಷ ಬಂದು ಹೋಗು, ಮಕ್ಕಳು ಬಂದಿದ್ದಾರೆ, ನಿನ್ನ ಕೈಗೊಂದು ಬೀಗದ ಕೈ ಕೊಡೋದಿದೆ ಅಂದ್ರು. ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು 13 ವರ್ಷ, ಅದರಲ್ಲಿ 9 ವರ್ಷ ಇದೇ ಬಿಲ್ಡಿಂಗಲ್ಲಿದೀನಿ, ಅಜ್ಜಿಗೀಗ 81. ಒಬ್ಬರೇ ಇರ್ತಾರೆ, ಆದ್ದರಿಂದ ಒಂದು ಕೀ ಪಕ್ಕದಲ್ಲಿ ಯಾರ ಹತ್ರಾನಾದ್ರೂ ಇರಲಿ ಅಂತ ಇರಬೇಕು ಅಂದ್ಕೊಂಡು ಹೋದೆ.

ಹೋಗಿ ನೋಡಿದ್ರೆ ಡೈನಿಂಗ್ ಟೇಬಲ್ ಮೇಲೆ ಒಂದು ದಪ್ಪ ನೀಲಿ ಫೈಲು. ಒಳಗೆ ಬಣ್ಣಬಣ್ಣದ ರಟ್ಟಿನ ಹಾಳೆ ಇಟ್ಟು ಭಾಗ ಮಾಡಿದ್ರು, ಪ್ರತಿಯೊಂದರ ಅಂಚಲ್ಲೂ ಅವರ ಕೈಬರಹ, ಬ್ಯಾಂಕು, ವಿಮೆ, ಮನೆ, ಆಸ್ಪತ್ರೆ, ಕಡೇದು ಅಂತ್ಯಕ್ರಿಯೆ. ಆ ಕಡೇ ಭಾಗದಲ್ಲಿ ಯಾವ ಸಂಗೀತ ಹಾಕ್ಬೇಕು, ಯಾರ್ಯಾರಿಗೆ ಫೋನ್ ಮಾಡಿ ಹೇಳಬೇಕು, ಯಾರಿಗೆ ಕಾಗದ ಬರೆದ್ರೆ ಸಾಕು, ಎಲ್ಲಾ ಇತ್ತು. ಮೂರು ಜನ ಮಕ್ಕಳು ಸುತ್ತ ಕೂತು ಮನೆ ಯಾರು ಇಟ್ಕೋತಾರೆ, ಇಟ್ಕೊಂಡವರು ಉಳಿದಿಬ್ಬರಿಗೆ ಎಷ್ಟು ಕೊಡಬೇಕು, ಗೋಡೆ ಗಡಿಯಾರ ಯಾರಿಗೆ ಅಂತ ಮಾತಾಡ್ತಿದ್ರು. ದೊಡ್ಡ ಮಗಳು ಒಂದ್ಸಲ ಜೋರಾಗೇ ಕೂಗಾಡಿದ್ರು, ಅಜ್ಜಿ ತಣ್ಣಗೆ, ಈಗ್ಲೇ ಕೂಗಾಡ್ಕೊಳ್ಳಿ, ನಾನಿದೀನಿ ಅಂದ್ರು.

ನನಗೆ ಆ ಮಾತು ಎದೆಗೇ ಬಂದು ತಾಗ್ತು.

ವಾಪಸ್ ಬಂದವನು ತಡೀಲಾರದೆ ಊರಿಗೆ ಫೋನ್ ಹಚ್ಚಿದೆ. ಅಮ್ಮ, ನಿನ್ನ ಎಫ್‌ಡಿಗಳಿಗೆಲ್ಲ ನಾಮಿನಿ ಯಾರು ಮಾಡಿದೀಯಾ, ಲಾಕರ್‌ನಲ್ಲಿರೋ ಒಡವೆ ಬಗ್ಗೆ ಏನಾದ್ರೂ ಬರೆದಿಟ್ಟಿದೀಯಾ ಅಂತ ಕೇಳ್ದೆ ಅಷ್ಟೇ. “ಬಿಡ್ತು ಅನ್ನು! ದೀಪ ಹಚ್ಚೋ ಹೊತ್ತಲ್ಲಿ ಇದೇನು ಮಾತು ಆಡ್ತೀಯೋ” ಅಂದ್ಲು. ಬಿಡ್ತು ಅಂದೆ. ಅನ್ನದೇ ಇರೋಕೆ ಆಗುತ್ತಾ? ಆಮೇಲೆ ಮಳೆ, ಮಂಡಿ ನೋವು, ಯಾರದೋ ಮದುವೆ, ಹೀಗೆ ಮಾತು ಎಲ್ಲೆಲ್ಲೋ ಹೋಯ್ತು.

ಈ ಒಂದು ಮಾತು ನಮ್ಮ ಮನೆಗಳಿಗೆ ಎಷ್ಟು ದುಬಾರಿ ಆಗಿದೆ ಅಂತ ನನಗೆ ಗೊತ್ತು, ಯಾಕಂದ್ರೆ ನಾಲ್ಕು ವರ್ಷದ ಹಿಂದೆ ಅಪ್ಪ ಹೋದಾಗ ಅದನ್ನ ನಾನು ಒಂದೊಂದು ಕಾಗದದಲ್ಲೂ ಕಂಡೆ. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಕಾರ್ಯ ಎಲ್ಲ ಮುಗಿದು ವೈಕುಂಠ ಸಮಾರಾಧನೆ ಆದ ಮಾರನೇ ದಿನ ನಾನೂ ಅಕ್ಕನೂ ಬೀರು ತೆಗೆದು ಕೂತ್ವಿ. ವಿಮೆ ಬಾಂಡು ಹಳೇ ಕ್ಯಾಲೆಂಡರ್‌ಗಳ ಮಧ್ಯೆ ಇತ್ತು. ಒಂದು ಎಫ್‌ಡಿಗೆ ನಾಮಿನಿ ನಮ್ಮಜ್ಜಿ, ಅಪ್ಪನ ತಾಯಿ, ಅವರು ಹೋಗಿ ಆಗಲೇ 11 ವರ್ಷ. ಜಮೀನಿನ ಪಹಣಿ ತಾತನ ಹೆಸರಲ್ಲೇ ಇತ್ತು, ಪೌತಿ ಖಾತೆ, ಅಂದ್ರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಬೇಕು ಅಂತ ಅಪ್ಪ ಹೇಳ್ತಾ ಇದ್ದದ್ದು ನಾನು ಹೈಸ್ಕೂಲಲ್ಲಿದ್ದಾಗಿಂದ ಕೇಳಿದೀನಿ, ಮಾಡಿಸಿರಲಿಲ್ಲ. ಮಾಡಿಸಬೇಕಂದ್ರೆ ಚಿಕ್ಕಪ್ಪನ ಜೊತೆ ಕೂತು ಮಾತಾಡಬೇಕು, ಮಾತಾಡಿದ್ರೆ ಭಾಗದ ಮಾತು ಬರುತ್ತೆ, ಭಾಗದ ಮಾತು ಬಂದ್ರೆ ಮನೆ ಒಡೀತು ಅಂತ ಊರವರು ಅಂತಾರೆ, ಅದಕ್ಕೆ ಯಾರೂ ಬಾಯೇ ಬಿಡಲಿಲ್ಲ. ಕಡೆಗೆ ವಂಶವೃಕ್ಷ, ಎಲ್ಲರ ಒಪ್ಪಿಗೆ, ಎಲ್ಲರ ಆಧಾರ್ ಕಾರ್ಡು, ಅಂತ ಎರಡು ವರ್ಷ ಓಡಾಡಿದ್ವಿ. ನಾನಂತೂ ಇಲ್ಲಿಂದ ಅಕ್ಕನ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಡೋಕೆ ಮ್ಯೂನಿಕ್‌ನ ಕಾನ್ಸುಲೇಟ್‌ಗೆ ಹೋಗಿ ಬಂದೆ, ಆಮೇಲೆ ಅದು ಇಂಡಿಯಾಗೆ ಮುಟ್ಟಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು ಅಂತ ಗೊತ್ತಾಗಿ ಅದಕ್ಕೊಂದು ಓಡಾಟ.

ಓಡಾಟ ಬಿಡಿ, ಅದು ಮರೆತು ಹೋಗುತ್ತೆ. ಮರೆಯೋಕೆ ಆಗದೇ ಇರೋದು ಅತ್ತೆಯ ವಿಷಯ. ಅಪ್ಪನ ತಂಗಿ. ಜಮೀನಿನಲ್ಲಿ ತನ್ನ ಪಾಲು ಬೇಡ ಅಂತ ಬರೆದುಕೊಡೋ ಹಕ್ಕು ಬಿಡುಗಡೆ ಪತ್ರಕ್ಕೆ ಅತ್ತೆ ಸೈನ್ ಹಾಕ್ತಾರೆ ಅಂತ ಎಲ್ಲರೂ ಮೊದಲೇ ಅಂದ್ಕೊಂಡುಬಿಟ್ಟಿದ್ರು, ನಾನೂ ಸೇರಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅನ್ನೋದನ್ನ ಕರ್ನಾಟಕ 1994ರಲ್ಲೇ ತಂದಿತ್ತು, ಅದಕ್ಕೆ ಮೊದಲೇ ಮದುವೆ ಆದವರನ್ನ ಹೊರಗಿಟ್ಟು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ಆಗಿ ಇಡೀ ದೇಶಕ್ಕೆ, ಮದುವೆ ಆಗಿರಲಿ ಬಿಡಲಿ ಎಲ್ಲ ಹೆಣ್ಣುಮಕ್ಕಳಿಗೂ ಬಂತು. 2020ರಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕು ಅಂತೇನಿಲ್ಲ, ಈ ಹಕ್ಕು ಹುಟ್ಟಿನಿಂದಲೇ ಬರೋದು ಅಂತ ಹೇಳ್ತು. ಇಷ್ಟೆಲ್ಲ ಆದ್ಮೇಲೂ ನಮ್ಮ ಮನೆಯಲ್ಲಿ ಅತ್ತೆಗೆ ಬಂದ ಪ್ರಶ್ನೆ ಒಂದೇ, ಯಾವತ್ತು ಫ್ರೀ ಇರ್ತೀರಾ. ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಅವರು ಕನ್ನಡಕ ಹಾಕ್ಕೊಂಡು, ಪೆನ್ನು ಹಿಡ್ಕೊಂಡು, “ಎಲ್ಲಿ ಹಾಕ್ಬೇಕಪ್ಪಾ?” ಅಂತ ಮಾತ್ರ ಕೇಳಿದ್ರು. ವಾಪಸ್ ಬರೋವಾಗ ಕಾರಿನಲ್ಲಿ ಕಿಟಕಿ ಕಡೆ ಮುಖ ಮಾಡ್ಕೊಂಡು, “ನಿಮ್ಮಪ್ಪ ಇದ್ದಾಗ ನನ್ನ ಒಂದ್ಮಾತು ಕೇಳಿದ್ರೆ ಸಾಕಿತ್ತು ಕಣೋ, ನಾನೇ ಬೇಡ ಅಂತಿದ್ದೆ” ಅಂದ್ರು.

ನಾವು ಮಕ್ಕಳಿಗೆ ಆಸ್ತಿ ಕೊಡ್ತೀವೋ ಇಲ್ವೋ ಸಂಸ್ಕಾರ ಕೊಡ್ತೀವಿ ಅಂತ ತುಂಬಾ ಹೆಮ್ಮೆಯಿಂದ ಹೇಳ್ಕೋತೀವಲ್ಲ, ನಾನು ಕೇಳೋದಿಷ್ಟೇ, ಆಸ್ತಿ ಹೇಗೆ ಕೊಡ್ತೀವಿ ಅನ್ನೋದೇ ಸಂಸ್ಕಾರ ಅಲ್ವಾ? ಅಣ್ಣ ತಂಗೀನ ಕೂರಿಸ್ಕೊಂಡು, ನಿನ್ನದೂ ಇದರಲ್ಲಿ ಪಾಲಿದೆ, ಏನು ಮಾಡೋಣ ಹೇಳು ಅಂತ ಕೇಳೋದನ್ನ ಮಕ್ಕಳು ಒಂದ್ಸಲ ನೋಡಿದ್ರೆ ಸಾಕು, ಆಮೇಲೆ ನ್ಯಾಯ ಅಂದ್ರೇನು ಅಂತ ಅವರಿಗೆ ಬೇರೆ ಪಾಠ ಹೇಳೋದು ಬೇಕಾಗಲ್ಲ. ನಾವು ನೋಡಿದ್ದು ಏನು? ದುಡ್ಡಿನ ಮಾತು ಬಂದ್ರೆ ದೊಡ್ಡವರು ದನಿ ತಗ್ಗಿಸೋದು, ನೀನು ಒಳಗೆ ಹೋಗಿ ಓದ್ಕೋ ಅನ್ನೋದು. ಹಾಗೆ ಒಳಗೆ ಹೋಗಿ ಓದ್ಕೊಂಡೋರೇ ನಾವು. ಈಗ ನಲವತ್ತು ದಾಟಿದ್ರೂ ಅಮ್ಮನ ಹತ್ರ ಎಫ್‌ಡಿ ಅನ್ನೋಕೆ ನಾಲಿಗೆ ತಡವರಿಸುತ್ತೆ.

ಇಲ್ಲಿ ಜರ್ಮನಿಯಲ್ಲಿ ಉಯಿಲು ಬರೆಯೋದು ಅಂದ್ರೆ ಒಂದು ಹಾಳೆ, ಒಂದು ಪೆನ್ನು. ಪೂರ್ತಿ ಸ್ವಂತ ಕೈಯಲ್ಲಿ ಬರೆದು ಸೈನ್ ಹಾಕಬೇಕು, ಟೈಪ್ ಮಾಡಿ ಬರೀ ಸೈನ್ ಹಾಕಿದ್ರೆ ಅದು ಲೆಕ್ಕಕ್ಕಿಲ್ಲ, ಸಾಕ್ಷಿ ಬೇಕಿಲ್ಲ. ಬೇಕಿದ್ರೆ ಕೋರ್ಟಲ್ಲಿ ಇಡಬಹುದು, ಆಗ 2012ರಿಂದ ಇರೋ ಒಂದು ಕೇಂದ್ರ ರಿಜಿಸ್ಟರ್‌ನಲ್ಲಿ ಅದರ ನಮೂದು ಬೀಳುತ್ತೆ, ಸತ್ತಾಗ ಅದು ತಾನಾಗೇ ಹೊರಗೆ ಬರುತ್ತೆ. ಅಜ್ಜಿ ಹಾಗೇ ಮಾಡಿದ್ದಾರೆ. ನಮ್ಮಲ್ಲೂ ಕಷ್ಟ ಏನಿಲ್ಲ ನೋಡಿ, ಟೈಪ್ ಮಾಡಿದ್ರೂ ನಡೆಯುತ್ತೆ, ಇಬ್ಬರು ಸಾಕ್ಷಿ ಇದ್ರಾಯ್ತು, ಛಾಪಾ ಕಾಗದ ಬೇಡ, ರಿಜಿಸ್ಟರ್ ಮಾಡಿಸೋದು ಒಳ್ಳೇದು, ಆದ್ರೆ ಕಡ್ಡಾಯ ಅಲ್ಲ. ಆದ್ರೂ ನಮ್ಮ ಜನ ವಿಲ್ ಅಂದ್ರೆ ಸಾಯೋರು ಬರೆಯೋದು, ಇಲ್ಲಾ ದೊಡ್ಡ ಶ್ರೀಮಂತರು ಬರೆಯೋದು ಅಂತಲೇ ಅಂದ್ಕೊಂಡಿದ್ದಾರೆ. ನಾಮಿನಿ ಹಾಕಿದೀನಲ್ಲ ಸಾಕು ಅಂತಾರೆ ಇನ್ನು ಕೆಲವರು. ಬ್ಯಾಂಕಲ್ಲಿರೋ ದುಡ್ಡಿಗೆ, ಷೇರಿಗೆ ನಾಮಿನಿ ಅಂದ್ರೆ ಈಸ್ಕೊಳ್ಳೋನು ಅಷ್ಟೇ, ಹಕ್ಕುದಾರ ಬೇರೆ ಇರಬಹುದು. ಷೇರಿನ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲೂ ಸುಪ್ರೀಂ ಕೋರ್ಟ್ ಅದನ್ನೇ ಹೇಳಿದೆ. ಯಾರೂ ಕೇಳದೇ ಹತ್ತು ವರ್ಷ ಬಿದ್ದಿರೋ ಬ್ಯಾಂಕ್ ದುಡ್ಡು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತೆ, ಹಾಗಂತ ಹಕ್ಕು ಹೋಗಲ್ಲ, ಆಮೇಲೂ ಕೇಳಬಹುದು. ಅದನ್ನ ಹುಡುಕೋಕೆ 2023ರಲ್ಲಿ ‘ಉದ್ಗಮ್’ ಅಂತ ಪೋರ್ಟಲ್ ಮಾಡಿದ್ದಾರೆ, ದಯವಿಟ್ಟು ಒಂದ್ಸಲ ನಿಮ್ಮನೆ ಹಿರಿಯರ ಹೆಸರು ಹಾಕಿ ನೋಡಿ. ಆ ನಿಧಿ ಇರೋದೇ ನಮ್ಮಂಥ ಮನೆಗಳಲ್ಲಿ ಯಾರೂ ಯಾರಿಗೂ ಏನೂ ಹೇಳದೇ ಹೋಗಿರೋದ್ರಿಂದ.

ಹೊರಗಿರೋ ನಮಗೆ ಇನ್ನೊಂದು ತೊಡಕಿದೆ, ಇಲ್ಲಿರೋ ಎಷ್ಟೋ ಸ್ನೇಹಿತರಿಗೆ ಗೊತ್ತೇ ಇಲ್ಲ. 2015ರ ಆಗಸ್ಟ್‌ನಿಂದ ಯುರೋಪಿಯನ್ ಒಕ್ಕೂಟದ ಬಹುತೇಕ ದೇಶಗಳಲ್ಲಿ, ಸತ್ತವರು ವಾಸ ಇದ್ದ ದೇಶದ ಕಾನೂನಿನ ಪ್ರಕಾರಾನೇ ಆಸ್ತಿ ಹೋಗೋದು, ನಮ್ಮ ಪೌರತ್ವದ ದೇಶದ ಕಾನೂನು ಬೇಕು ಅಂದ್ರೆ ಉಯಿಲಲ್ಲೇ ಬರೆದಿಡಬೇಕು. ನಾನು ಬರೆದಿಟ್ಟಿದೀನಿ. ಹೆಂಡತಿಗೆ ಓದಿ ಹೇಳಿದೆ, 12 ವರ್ಷದ ಮಗಳನ್ನೂ ಪಕ್ಕದಲ್ಲೇ ಕೂರಿಸ್ಕೊಂಡೆ. ಅವಳು ಕೇಳಿದ್ದು ಒಂದೇ, “ಅಜ್ಜಿ ಮನೇಲಿರೋ ಉಯ್ಯಾಲೆ ಯಾರಿಗೆ?” ಊರಲ್ಲಿ ನಮ್ಮಮ್ಮನ ಮನೇಲಿರೋ ಆ ಉಯ್ಯಾಲೆ ಬಗ್ಗೆ ನಾನು ಯೋಚನೇನೇ ಮಾಡಿರಲಿಲ್ಲ.

ಅವಳ ಆ ಪ್ರಶ್ನೆ ನನ್ನನ್ನ ಒಂದು ವಾರ ಕಾಡ್ತು, ಹಾಗಾಗಿ ಇಷ್ಟು ಹೊತ್ತು ಹೇಳದೇ ಇದ್ದದ್ದನ್ನೂ ಹೇಳಬೇಕು. ಇಲ್ಲಿನವರು ಬಾಯ್ಬಿಟ್ಟು ಮಾತಾಡೋದು ಬರೀ ಗುಣದಿಂದ ಅಲ್ಲ, ತೆರಿಗೆಯಿಂದಲೂ ಹೌದು. ಒಬ್ಬ ತಂದೆ ಅಥವಾ ತಾಯಿ ಒಂದು ಮಗುವಿಗೆ ಹತ್ತು ವರ್ಷಕ್ಕೆ 4 ಲಕ್ಷ ಯೂರೋವರೆಗೆ ತೆರಿಗೆ ಇಲ್ಲದೆ ಕೊಡಬಹುದು, ಅದಕ್ಕಿಂತ ಜಾಸ್ತಿ ಆದ್ರೆ ಕಟ್ಟಬೇಕು, ಹಾಗಾಗಿ ಆಸ್ತಿ ಇರೋರು ಮೊದಲೇ ಕೂತು ಲೆಕ್ಕ ಹಾಕ್ತಾರೆ. ನಮ್ಮಲ್ಲಿ ಎಸ್ಟೇಟ್ ಡ್ಯೂಟಿ, ಅಂದ್ರೆ ಸತ್ತವರ ಆಸ್ತಿ ಮೇಲಿನ ತೆರಿಗೆ, 1985ರಲ್ಲೇ ಹೋಯ್ತು, ಆಮೇಲೆ ನಮ್ಮನ್ನ ಮಾತಿಗೆ ಕೂರಿಸೋ ಕಾರಣಾನೇ ಉಳಿಯಲಿಲ್ಲ. ಮತ್ತೆ ಇಲ್ಲಿ ಮಕ್ಕಳನ್ನ ಉಯಿಲಿಂದ ಪೂರ್ತಿ ಕೈಬಿಟ್ರೂ ಅವರಿಗೆ ಬರಬೇಕಾದ್ದರಲ್ಲಿ ಅರ್ಧದಷ್ಟು ದುಡ್ಡು ಕೇಳೋ ಹಕ್ಕು ಕಾನೂನೇ ಕೊಡುತ್ತೆ, ಅಂದ್ರೆ ಇಲ್ಲೂ ಮನಸ್ತಾಪ ಇದೆ, ಇರೋದ್ರಿಂದಾನೇ ಕಾನೂನು ಮಾಡ್ಕೊಂಡಿದ್ದಾರೆ.

ಮತ್ತೆ ಅವತ್ತು ಅಜ್ಜಿ ಮನೆಯಿಂದ ಹೊರಡೋವಾಗ ಒಂದು ನೋಡ್ದೆ. ಗೋಡೆ ಪಕ್ಕ ಒಂದು ಡಬ್ಬದಲ್ಲಿ ಹಳೇ ಫೋಟೋಗಳು, ಅವರಮ್ಮನ ಹೊಲಿಗೆ ಮಷೀನು, ಕಸೂತಿ ಹಾಕಿದ ಬಟ್ಟೆಗಳು. ಮೂರೂ ಮಕ್ಕಳು ಬೇಡ ಅಂದಿದ್ರಂತೆ, ಮನೆಯಲ್ಲಿ ಜಾಗ ಇಲ್ವಂತೆ. ಒಂದು ಫೋಟೋ ಎತ್ತಿ ಇದು ಯಾರು ಅಂತ ನಾನು ಕೇಳಿದ್ದಕ್ಕೆ ಅಜ್ಜಿ ಅರ್ಧ ಗಂಟೆ ನಿಂತ್ಕೊಂಡೇ ಕಥೆ ಹೇಳಿದ್ರು, ಮಕ್ಕಳು ಆಗಲೇ ಕೋಟು ಹಾಕ್ಕೊಳ್ತಿದ್ರು. ಆ ಫೈಲಲ್ಲಿ ಎಲ್ಲಾ ಇತ್ತು, ಈ ಕಥೆ ಇರಲಿಲ್ಲ. ನಮ್ಮನೇಲಿ ಫೈಲಿರಲಿಲ್ಲ, ಕಥೆಗೆ ಬರ ಇರಲಿಲ್ಲ. ಅತ್ತೆಗೆ ಅನ್ಯಾಯ ಆಯ್ತು ಅಂತ ನಾನೇ ಬರ್ದಿದೀನಿ, ಆದ್ರೆ ಅದೇ ಅತ್ತೆ ಈಗಲೂ ಗೌರಿ ಹಬ್ಬಕ್ಕೆ ಬರ್ತಾರೆ, ಬಂದ್ರೆ ನನ್ನ ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡು ಅಪ್ಪ ಚಿಕ್ಕವರಿದ್ದಾಗಿನದ್ದೆಲ್ಲ ಹೇಳ್ತಾರೆ. ಅಪ್ಪನ ಬೀರುವಲ್ಲಿ ಒಂದು ಪುಟ್ಟ ಡೈರಿ ಸಿಕ್ಕಿತ್ತು, ಕೈಸಾಲ ಕೊಟ್ಟಿದ್ದರ ಲೆಕ್ಕ. ಕೆಲವು ಹೆಸರುಗಳ ಮುಂದೆ ಗೀಟು ಎಳೆದು ‘ಕೇಳಬಾರದು’ ಅಂತ ಬರ್ದಿದ್ರು, ಅದರಲ್ಲೊಂದು ಹೆಸರು ಚಿಕ್ಕಪ್ಪಂದು. ಅದನ್ನೂ ಅಪ್ಪ ಯಾರಿಗೂ ಹೇಳಿರಲಿಲ್ಲ. ಅವರ ಮೌನದ ಮೇಲೆ ನನಗಿರೋ ಸಿಟ್ಟು ಆ ಪುಟ ತೆಗೆದಾಗಲೆಲ್ಲ ಸ್ವಲ್ಪ ಕರಗುತ್ತೆ. ಆದ್ರೂ, ಕೇಳಬಾರದು ಅಂತ ಬರೆಯೋಕೆ ಬಂದ ಕೈಗೆ, ತಂಗಿಗೆ ಪಾಲು ಕೇಳಿ ನೋಡಬೇಕು ಅಂತ ಬರೆಯೋಕೆ ಯಾಕೆ ಬರಲಿಲ್ಲ ಅನ್ನೋದು ಹೋಗಿಲ್ಲ.

ಹೋದ ಭಾನುವಾರ ಮತ್ತೆ ಫೋನ್ ಮಾಡ್ದೆ, ಈ ಸಲ ಬೆಳಿಗ್ಗೆ. ಎಫ್‌ಡಿ ಅನ್ನಲಿಲ್ಲ, ಉಯ್ಯಾಲೆ ಯಾರಿಗೆ ಅಂತ ನಿನ್ನ ಮೊಮ್ಮಗಳು ಕೇಳ್ತಿದ್ದಾಳೆ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೆನ್ನು ತಗೋ, ಬರ್ಕೋ” ಅಂದ್ಲು. ನಾನು ಲ್ಯಾಪ್‌ಟಾಪ್ ತೆಗೆದು ಮೂರು ಕಾಲಂ ಮಾಡ್ದೆ, ವಸ್ತು, ಎಲ್ಲಿದೆ, ಯಾರಿಗೆ. ಉಯ್ಯಾಲೆಯಿಂದ ಶುರು ಮಾಡಿದ್ಲು, ಅದರ ಸರಪಳಿ ಮಾಡಿಸಿದ್ದು ಯಾರು, ಅದಕ್ಕೆ ಹಲಸಿನ ಹಲಗೆ ಎಲ್ಲಿಂದ ತಂದ್ರು, ಅಪ್ಪ ಅದರ ಮೇಲೆ ಕೂತು ನನ್ನ ಜಾತಕ ಬರೆಸಿದ್ದು. ಆಮೇಲೆ ಅವಳಮ್ಮ ಕೊಟ್ಟ ಎರಡು ಬಳೆ, ಒಂದನ್ನ ನನ್ನ ಕಾಲೇಜು ಫೀಸಿಗೆ ಅಡ ಇಟ್ಟು ಬಿಡಿಸ್ಕೊಂಡಿದ್ದು, ಅದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದ್ಮೇಲೆ ನೋಡಿದ್ರೆ ಎರಡೇ ಸಾಲು ತುಂಬಿತ್ತು, ಮೂರನೇ ಕಾಲಂ ಎರಡಕ್ಕೂ ಖಾಲಿ. ಮುಂದಿನ ಭಾನುವಾರ ಅಕ್ಕನ್ನೂ ಅತ್ತೇನೂ ಫೋನಿಗೆ ಹಾಕೋ, ಅವರನ್ನ ಕೇಳಿ ಹೇಳ್ತೀನಿ ಅಂದ್ಲು ಅಮ್ಮ.