ಮೂರು ಗಂಟೆಯ ಗೊರಿಲ್ಲಾ, ಮೂರು ಜನರ ಬಾಯಿ

ಪ್ರಶ್ನೆ: ಉದ್ದುದ್ದದ ದೈತ್ಯಪ್ರಾಣಿ ಸಿನಿಮಾಗಳನ್ನು ಗೇಲಿ ಮಾಡುತ್ತ ಹವ್ಯಾಸಿಗಳು ಧ್ವನಿ ಮುದ್ರಿಸುವ ವೀಕ್ಷಕ ವಿವರಣೆ ನಮಗೆ ಬೇಕೇ?

ಪರ: ಸಾರಥಿ ಇಲ್ಲದ ರಾಕ್ಷಸನಿಗೆ ಕಳೆಯಿಲ್ಲ

ನಮ್ಮ ಅಜ್ಜಿಯ ಊರು ತಿಪಟೂರಿನ ಆಚೆ. ಸುಗ್ಗಿ ಮುಗಿದ ಮೇಲೆ ಅಲ್ಲಿ ಮೂಡಲಪಾಯ ಯಕ್ಷಗಾನದ ಆಟ ಕಟ್ಟುತ್ತಿದ್ದರು. ರಾತ್ರಿ ಹತ್ತಕ್ಕೆ ಶುರುವಾದದ್ದು ಹಾಲು ಕರೆಯುವ ಹೊತ್ತಿಗೆ ಮುಗಿಯುತ್ತಿತ್ತು. ನಡುರಾತ್ರಿಗೆ ರಾಕ್ಷಸನ ಪ್ರವೇಶ. ಇಬ್ಬರು ತೆರೆ ಹಿಡಿದು ನಿಂತರೆ ಅವನು ಅದರ ಹಿಂದೆ ಅಬ್ಬರಿಸುತ್ತಾನೆ, ತೆರೆ ಜಗ್ಗುತ್ತಾನೆ, ನೆಲ ಅದುರುವಂತೆ ಕುಣಿಯುತ್ತಾನೆ. ಮುಖ ಮಾತ್ರ ತೋರಿಸುವುದಿಲ್ಲ. ಕೊನೆಗೂ ಎದುರಿಗೆ ಬಂದು ನಿಂತವನನ್ನು ಸಾರಥಿ, ಅಂದರೆ ಆಟದ ಹಾಸ್ಯಗಾರ, ಕೇಳುತ್ತಿದ್ದ: “ಇಷ್ಟು ಹೊತ್ತು ಕೂಗಿದ್ದು ತಾವೇ? ಯಾರದೋ ಎಮ್ಮೆ ಹಗ್ಗ ಕಿತ್ತುಕೊಂಡಿದೆ ಎಂದು ನಾನು ದೊಣ್ಣೆ ಹುಡುಕುತ್ತಿದ್ದೆ.” ತೂಕಡಿಸುತ್ತಿದ್ದ ಊರು ಎದ್ದು ಕೂರುತ್ತಿತ್ತು. ರಾಕ್ಷಸನ ಮರ್ಯಾದೆ ಹೋಯಿತೇ? ಇಲ್ಲ. ಮುಂದಿನ ಅಬ್ಬರಕ್ಕೆ ನಾವು ಇನ್ನಷ್ಟು ಹೆದರಿದೆವು, ಏಕೆಂದರೆ ಈಗ ಎಚ್ಚರವಾಗಿದ್ದೆವು.

ನನ್ನ ವಾದವೆಲ್ಲ ಇಷ್ಟರಲ್ಲೇ ಇದೆ. ರಾಕ್ಷಸ ತಡಮಾಡಿ ಬರುವ ಕಡೆ ಸಾರಥಿ ಬೇಕು.

1933ರ ‘ಕಿಂಗ್ ಕಾಂಗ್’ ಒಂದು ದೈತ್ಯ ಗೊರಿಲ್ಲಾದ ಕತೆ, 100 ನಿಮಿಷಗಳ ಚಿತ್ರ. ಅದೇ ದ್ವೀಪ, ಅದೇ ಹುಡುಗಿ, ಅದೇ ಕಟ್ಟಡವನ್ನಿಟ್ಟುಕೊಂಡು 2005ರಲ್ಲಿ ಪೀಟರ್ ಜಾಕ್ಸನ್ ತೆಗೆದದ್ದು 187 ನಿಮಿಷ. ಅದೂ ಸಾಲದೆಂದು ಆಮೇಲೆ 200 ನಿಮಿಷದ ಆವೃತ್ತಿ ಬಂತು. ಗೊರಿಲ್ಲಾದ ದರ್ಶನವಾಗುವುದು ಒಂದು ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ತುಮಕೂರಿನಲ್ಲಿ ಹತ್ತಿದ ರೈಲು ಯಶವಂತಪುರ ಮುಟ್ಟಿರುತ್ತದೆ. ಈ ಒಂದು ಗಂಟೆ ದ್ವೀಪಕ್ಕೆ ಹೋಗುವ ಹಡಗಿನ ಮೇಲೆ ನಾವು ಏನು ಮಾಡಬೇಕು? ಅಡಿಗೆಯವನ ಬಾಲ್ಯದ ಬಗ್ಗೆ ಚಿಂತಿಸಬೇಕೇ?

ಹೀಗೆ ಚಿತ್ರದ ಮೇಲೆ ಮಾತನಾಡುವುದು ನಾವು ಕಂಡುಹಿಡಿದದ್ದಲ್ಲ. ಚಿತ್ರದ ಜೊತೆ ಬೇರೆ ಧ್ವನಿಪಥದಲ್ಲಿ ವಿವರಣೆ ಕೊಡುವ ಪದ್ಧತಿ ಹುಟ್ಟಿದ್ದೇ ಈ ಗೊರಿಲ್ಲಾದ ಹೆಗಲ ಮೇಲೆ. ಹಳೆಯ ಚಿತ್ರ 1984ರಲ್ಲಿ ಅಮೆರಿಕದಲ್ಲಿ ಲೇಸರ್ ಡಿಸ್ಕ್ ಆಗಿ ಬಂದಾಗ ರೊನಾಲ್ಡ್ ಹೇವರ್ ಎಂಬ ಚಿತ್ರತಜ್ಞ ಅದರ ಮೇಲೆ ಮಾತನಾಡಿ ಮುದ್ರಿಸಿದ. ಅವನದು ಪಾಂಡಿತ್ಯ. ನಾಲ್ಕು ವರ್ಷ ಕಳೆಯುವುದರೊಳಗೆ, 1988ರಲ್ಲಿ, ಮಿನಿಯಾಪೊಲಿಸ್‌ನ ಒಂದು ಸ್ಥಳೀಯ ಟಿವಿಯಲ್ಲಿ ಒಬ್ಬ ಮನುಷ್ಯ ಮತ್ತು ಗೊಂಬೆ ರೋಬಾಟುಗಳು ಚಿತ್ರಮಂದಿರದ ಕುರ್ಚಿಯಲ್ಲಿ ಕೂತು ಕೆಟ್ಟ ಚಿತ್ರಗಳ ಕಾಲೆಳೆಯತೊಡಗಿದರು. 2006ರಲ್ಲಿ ಅದೇ ಬಳಗದ ಕೆಲವರು ಚಿತ್ರವನ್ನೇ ಕೈಬಿಟ್ಟು ಬರಿಯ ಧ್ವನಿ ಮಾರಿದರು: ಚಿತ್ರ ನಿಮ್ಮದು, ಬಾಯಿ ನಮ್ಮದು. ಅಲ್ಲಿಂದ ಮುಂದೆ ಮೈಕ್ ಇದ್ದವರೆಲ್ಲ ಸಾರಥಿಗಳೇ.

ನಾವು ಮೂವರು ತುಮಕೂರಿನ ಎಸ್.ಎಸ್. ಪುರಂನ ಒಂದು ಬಾಡಿಗೆ ಕೋಣೆಯಲ್ಲಿ, ಕಿಟಕಿಗೆ ಕೌದಿ ಹೊದಿಸಿ, ಆ 187 ನಿಮಿಷಕ್ಕೆ ಮಾತು ಕೂರಿಸಿದೆವು. ಸುಲಭವೆಂದು ತಿಳಿಯಬೇಡಿ. ಪಾತ್ರಗಳು ಮಾತನಾಡುವಾಗ ನಾವು ಸುಮ್ಮನಿರಬೇಕು. ಅವರು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ನಮ್ಮ ಮಾತು ನುಸುಳಬೇಕು. ಎರಡು ಸೆಕೆಂಡಿನ ಸಂದಿಗೆ ಮೂರು ಸೆಕೆಂಡಿನ ನಗೆಮಾತು ಹಿಡಿಸುವುದಿಲ್ಲ. ಬರೆದದ್ದರಲ್ಲಿ ಅರ್ಧ ಹೀಗೆಯೇ ಕಸವಾಯಿತು. ಮುದ್ರಣದ ನಡುವೆ ಕೆಳಮನೆಯ ಕುಕ್ಕರ್ ಮೂರು ಸಲ ಕೂಗಿತು. ಅದು ಗೊರಿಲ್ಲಾಗಿಂತ ಸರಿಯಾದ ಸಮಯಕ್ಕೆ ಬಂದದ್ದರಿಂದ ಹಾಗೆಯೇ ಉಳಿಸಿಕೊಂಡೆವು.

ಎಡವಟ್ಟು ಆದದ್ದು ಆಮೇಲೆ. ನಮ್ಮಲ್ಲಿದ್ದ ಡಿಸ್ಕ್ ಸೆಕೆಂಡಿಗೆ 25 ಚೌಕಟ್ಟುಗಳ, ಅಂದರೆ ಬಿಡಿಚಿತ್ರಗಳ, ಲೆಕ್ಕದಲ್ಲಿ ಓಡುವಂಥದ್ದು. ಚಿತ್ರಮಂದಿರದ ಲೆಕ್ಕ 24. ಒಂದೇ ಒಂದು ಚೌಕಟ್ಟಿನ ವ್ಯತ್ಯಾಸ, ಆದರೆ 187 ನಿಮಿಷದ ಚಿತ್ರ ನಮ್ಮಲ್ಲಿ 180 ತುಂಬುವ ಮೊದಲೇ ಮುಗಿಯುತ್ತಿತ್ತು. ಶಿರಾ ಗೇಟಿನ ಗೆಳೆಯನ ಮನೆಯಲ್ಲಿ ಇದ್ದದ್ದು 24ರ ಪ್ರತಿ. ಅವನು ನಮ್ಮ ಧ್ವನಿಯನ್ನು ಅದಕ್ಕೆ ಜೋಡಿಸಿ ನೆಂಟರನ್ನೆಲ್ಲ ಕೂರಿಸಿದ. ಮೊದಲ ಹತ್ತು ನಿಮಿಷ ನಗು. ಆಮೇಲೆ ನಮ್ಮ ಮಾತು ಚಿತ್ರಕ್ಕಿಂತ ಮುಂದೆ ಹೋಗತೊಡಗಿತು. ಡೈನೋಸಾರುಗಳು ಬರುವ ಮೊದಲೇ ನಾವು ಅವುಗಳಿಗೆ ದಾರಿ ಬಿಡಿ ಎಂದು ಕೂಗುತ್ತಿದ್ದೆವು. ಗೊರಿಲ್ಲಾ ಇನ್ನೂ ಕಟ್ಟಡ ಹತ್ತುತ್ತಿರುವಾಗ ಅದರ ತಿಥಿಯೂಟಕ್ಕೆ ಎಲೆ ಹಾಕಿದ್ದೆವು. ಈಗ ಬುದ್ಧಿ ಬಂದಿದೆ. ಹತ್ತು ನಿಮಿಷಕ್ಕೊಮ್ಮೆ ನಮ್ಮಲ್ಲೊಬ್ಬ ಚಿತ್ರದ ಸಂಭಾಷಣೆಯ ಒಂದು ಸಾಲನ್ನು ಹಾಜರಿ ಕೂಗುವವನಂತೆ ಹೇಳುತ್ತಾನೆ; ಪರದೆಯ ಮೇಲೆ ಅದೇ ಸಾಲು ಅದೇ ಕ್ಷಣಕ್ಕೆ ಬಾರದಿದ್ದರೆ ಕೇಳುವವರು ತಿದ್ದಿಕೊಳ್ಳಬಹುದು.

ಆ ಚಿತ್ರವನ್ನು ನಾವು ಆರು ಸಲ ಪೂರ್ತಿ ನೋಡಿದ್ದೇವೆ. ಅದನ್ನು ಹೊಗಳಿ ಬರೆದ ಎಷ್ಟು ಮಂದಿ ಎರಡನೆಯ ಸಲ ನೋಡಿದ್ದಾರೆ?

ಕಲಾವಿದರ ಶ್ರಮಕ್ಕೆ ಅವಮಾನ ಎನ್ನುವವರಿದ್ದಾರೆ. ಕಲಾವಿದರಿಗೆ ಸಂಬಳ ಬಂದಿದೆ; ನಮಗೆ ಬಂದದ್ದು ಗಂಟಲುನೋವು. ಅದಿರಲಿ. ಹಾಸ್ಯಗಾರನೇ ನಾಟಕ ಕಂಪನಿಯ ಯಜಮಾನನಾಗಿ ಹೆಸರಾದ ಜಿಲ್ಲೆ ಇದು. ಗುಬ್ಬಿ ವೀರಣ್ಣನವರ ಊರಿಗೆ ಇಲ್ಲಿಂದ ಅರ್ಧ ಗಂಟೆಯ ಹಾದಿ. ನರಸಿಂಹರಾಜು ತಿಪಟೂರಿನವರು. ಇಂಥ ನೆಲದಲ್ಲಿ ಗಂಭೀರವಾಗಿ ಕೂತು ಗೊರಿಲ್ಲಾ ನೋಡಿ ಎಂದು ಉಪದೇಶಿಸುವವರಿಗೆ ಸಾರಥಿ ಏನು ಹೇಳುತ್ತಿದ್ದನೆಂದು ನಾನು ಊಹಿಸಬಲ್ಲೆ. ಅಚ್ಚಿಗೆ ಬಾರದ ಮಾತು.

ವಿರೋಧ: ಒಪ್ಪಿಕೊಂಡ ತಪ್ಪಿಗೆ

ಈ ಪಕ್ಷ ಬರೆಯಲು ಯಾರೂ ಸಿಗಲಿಲ್ಲವಂತೆ. ಅರವತ್ತು ದಾಟಿದವನು, ಆದ್ದರಿಂದ ನಗುವುದಿಲ್ಲ ಎಂಬ ನಂಬಿಕೆಯ ಮೇಲೆ ನನ್ನ ಪಾಲಿಗೆ ಬಂತು. ಹುಡುಗರ ಆ ಧ್ವನಿಮುದ್ರಣವನ್ನು ನಾನು ಕೇಳಿದ್ದೇನೆ. ಕುಕ್ಕರ್ ಕೂಗುವಲ್ಲಿ ನಕ್ಕಿದ್ದೇನೆ ಕೂಡ. ಆದರೂ ಒಪ್ಪಿಕೊಂಡ ಮೇಲೆ ವಿರೋಧಿಸಬೇಕು.

ಮೊದಲನೆಯದಾಗಿ, ಉದ್ದ ಎಂಬುದು ದೋಷವೇ ಅಲ್ಲ. ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ ಆಡುವಾಗ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದರು. ಬೇಗ ಮುಗಿಸಿ, ಮನೆಗೆ ಹೋಗಬೇಕು ಎಂದು ಆಗ ಯಾರಾದರೂ ಕೂಗಿದರೇ? ರಾತ್ರಿಯಿಡೀ ಆಟ ನೋಡಿದ ಅಜ್ಜಿಯ ಮೊಮ್ಮಗನಿಗೆ ಮೂರು ಗಂಟೆ ಕೂರಲು ಆಗದಿದ್ದರೆ ಅದು ಗೊರಿಲ್ಲಾದ ತಪ್ಪಲ್ಲ. ಸಾರಥಿಯ ವಿಷಯಕ್ಕೆ ನಾನು ಹೋಗುವುದಿಲ್ಲ. ನನಗೆ ಕೊಟ್ಟಿರುವ ಜಾಗ ಕಡಿಮೆ.

ಆರು ಸಲ ನೋಡಿದರಂತೆ. ಎದುರುಮನೆಯ ಜಗಳವನ್ನೂ ಜನ ಕಿಟಕಿಯಲ್ಲಿ ನಿಂತು ಕೊನೆಯವರೆಗೆ ನೋಡುತ್ತಾರೆ. ಅದನ್ನು ಪ್ರೀತಿ ಎನ್ನೋಣವೇ?

ಸಂಬಳ ಬಂದಿದೆ ಎಂಬ ಮಾತು ಮಾತ್ರ ನನಗೆ ನಾಟಿತು. 1933ರ ಆ ಗೊರಿಲ್ಲಾ ಮೊಲದ ತುಪ್ಪಳ ಹೊದಿಸಿದ, ಮೊಣಕಾಲೆತ್ತರದ ಒಂದು ಬೊಂಬೆ. ವಿಲ್ಲಿಸ್ ಓಬ್ರಿಯನ್ ಮತ್ತು ಸಂಗಡಿಗರು ಅದನ್ನು ಕೂದಲೆಳೆಯಷ್ಟು ಸರಿಸಿ, ಒಂದು ಚಿತ್ರ ತೆಗೆದು, ಮತ್ತೆ ಸರಿಸಿ, ಹೀಗೆ 24 ಸಲ ಮಾಡಿದರೆ ತೆರೆಯ ಮೇಲೆ ಒಂದು ಸೆಕೆಂಡು. ಅದರ ಮೈಯ ಕೂದಲು ಸುಮ್ಮಸುಮ್ಮನೆ ಅಲುಗುವುದನ್ನು ಗಮನಿಸಿದ್ದೀರಾ? ಗಾಳಿಯಲ್ಲ, ಮುಟ್ಟಿ ಸರಿಸಿದವರ ಬೆರಳಿನ ಗುರುತು. ಜಪಾನಿನ ದೈತ್ಯಪ್ರಾಣಿ ಚಿತ್ರ ‘ಗಾಡ್ಜಿಲ್ಲಾ’ದ ರಬ್ಬರ್ ಉಡುಪನ್ನು ನೋಡಿ ನಗುವವರೂ ಇದ್ದಾರೆ. 1954ರ ಮಾರ್ಚಿನಲ್ಲಿ ಬಿಕಿನಿ ದ್ವೀಪದ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಒಂದು ಮೀನುಗಾರಿಕೆ ದೋಣಿಯ ಮೇಲೆ ಸುರಿಯಿತು. ಅದೇ ವರ್ಷದ ನವೆಂಬರಿನಲ್ಲಿ ಆ ಚಿತ್ರ ಬಂತು. ಆ ದಿನಗಳಲ್ಲಿ ಅದನ್ನು ನೋಡಿದವರಿಗೆ ರಬ್ಬರ್ ಕಂಡಿರಲಾರದು.

ನನ್ನ ಮೊಮ್ಮಗ ಮೊದಲು ಈ ಹುಡುಗರ ಗೇಲಿ ಕೇಳಿದ, ಆಮೇಲೆ ಚಿತ್ರ ನೋಡಿದ. ಗೊರಿಲ್ಲಾ ಕಟ್ಟಡ ಹತ್ತುವಾಗ “ಲಿಫ್ಟ್ ಕೆಟ್ಟಿದೆಯಂತೆ” ಎಂದು ಅವರ ಮಾತನ್ನೇ ಹೇಳಿ ಕೇಕೆ ಹಾಕಿದ. ಅದು ಬೀಳುವಾಗಲೂ ನಗಲು ಸಿದ್ಧನಾಗಿ ಕೂತಿದ್ದ. ಆ ಪ್ರಾಣಿಗಾಗಿ ಒಂದು ಸಲ ಮರುಗುವ ಹಕ್ಕು ಅವನಿಗಿತ್ತು, ಮುಂಚೆಯೇ ಖರ್ಚಾಗಿಹೋಗಿತ್ತು.

ಈ ಮಾತಿಗೆ ಮಧುಗಿರಿ ಕಡೆಯ ಟೆಂಟ್ ಸಿನಿಮಾ ನೆನಪಾಗುತ್ತದೆ. ನನ್ನ ಸೋದರಮಾವ ಅಲ್ಲಿ ಆಪರೇಟರ್. ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗಲೆಲ್ಲ ಬದಲಿಸುವವರೆಗೆ ಕತ್ತಲು. ಯಾವುದೋ ದೊಡ್ಡ ಹಲ್ಲಿಯ ಇಂಗ್ಲಿಷ್ ಚಿತ್ರ, ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ನಾನು ಮುಂದಿನ ಮರಳಿನ ಮೇಲೆ ಮುದುಡಿ ಕೂತಿದ್ದೆ. ಹಲ್ಲಿ ಬಾಯಿ ತೆರೆಯಿತು, ರೀಲು ಮುಗಿಯಿತು. ಆ ಕತ್ತಲೆಯಲ್ಲಿ ಕಡಲೆಕಾಯಿ ಮಾರುವವನು ನನ್ನ ಬೆನ್ನ ಹಿಂದೆಯೇ ಬಂದು, ಹಲ್ಲಿಯ ಘರ್ಜನೆಯನ್ನು ಪೂರ್ತಿ ಮಾಡಿ, ಅದರ ಬಾಲಕ್ಕೆ “ಬಿಸಿ ಬಿಸಿ ಕಡಲೇಕಾಯ್” ಎಂದು ಸೇರಿಸಿದ. ಟೆಂಟೆಲ್ಲ ಉರುಳಿ ನಕ್ಕಿತು. ಹೆಂಗಸರ ಕಡೆಯಿಂದ ಇನ್ನೊಮ್ಮೆ ಎಂದು ಕೂಗು ಬಂತು. ಅವನು ಇನ್ನೊಮ್ಮೆ ಮಾಡಿದ. ಮಾವ ಟಾರ್ಚ್ ಹಿಡಿದು ಕ್ಯಾಬಿನ್ನಿನಿಂದ ಇಳಿದು ಬಂದು ಯಾರವನು ಎಂದು ಗದರಿದರು. ಎಲ್ಲ ಕೈಗಳೂ ನನ್ನ ಕಡೆ ತೋರಿಸಿದವು. ಕಿವಿಯ ಬುಡಕ್ಕೆ ಬಿದ್ದ ಏಟಿಗೆ ಮುಂದಿನ ರೀಲಿನ ಶಬ್ದ ಒಂದೇ ಕಿವಿಗೆ ಕೇಳಿಸಿತು.

ಇಂಟರ್ವಲ್‌ನಲ್ಲಿ ಕಡಲೆಕಾಯಿಯವನು ಬಂದು, ಕಾಸು ಕೇಳದೆ, ಒಂದು ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿ ಹೋದ.