ಇಂಚು, ಸೆಂಟು, ಷರಾ

ಕೊಡಗಿನಲ್ಲಿ ಮಳೆ ಬಂದರಷ್ಟೇ ಸಾಲದು, ಅದನ್ನು ಬರೆದಿಡಬೇಕು. ನಾಲ್ಕೇ ಎಕರೆ ಕಾಫಿ ಇರುವವರ ಮನೆಯಲ್ಲೂ ಒಂದು ಮಳೆ ಪುಸ್ತಕ ಸಿಗುತ್ತದೆ. ಪುಸ್ತಕ ಅಂದರೆ ದೊಡ್ಡದೇನೂ ಅಲ್ಲ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ, ಇಲ್ಲವೇ ಮಕ್ಕಳು ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕು. ಸ್ಕೇಲ್ ಇಟ್ಟು ಗೆರೆ ಎಳೆದಿರುತ್ತಾರೆ. ತಾರೀಖು, ಇಂಚು, ಸೆಂಟು. ಕೊನೆಗೆ ಸ್ವಲ್ಪ ಅಗಲವಾದ ಒಂದು ಕಾಲಂ, ಷರಾ.

ನಾನು ಮಂಡ್ಯ ಕಡೆಯವಳು. ನಮ್ಮಲ್ಲಿ ಮಳೆಗೆ ಎರಡೇ ಅಳತೆ. ಹದ ಆಯ್ತು, ಹದ ಆಗ್ಲಿಲ್ಲ. ಅದಕ್ಕಿಂತ ಜಾಸ್ತಿ ಲೆಕ್ಕ ಬೇಕಾದವರು ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಎಂದು ಪೇಪರ್ ನೋಡುತ್ತಾರೆ. 124.80 ಅಡಿ ಎಂದರೆ ಕಟ್ಟೆ ಭರ್ತಿ. ಮಂಡ್ಯದ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುವುದು ಈ ಸಂಖ್ಯೆ. ಮದುವೆಯಾಗಿ ಸಿದ್ದಾಪುರದ ಹತ್ತಿರದ ಈ ತೋಟದ ಮನೆಗೆ ಬಂದ ಮೇಲೆ ನನ್ನ ಲೆಕ್ಕ ಅಡಿಯಿಂದ ಇಂಚಿಗಿಳಿಯಿತು, ಇಂಚಿನಿಂದ ಸೆಂಟಿಗೆ. ನೂರು ಸೆಂಟು ಸೇರಿದರೆ ಒಂದು ಇಂಚು. ದೇಶ ಮೆಟ್ರಿಕ್‌ಗೆ ಹೋಗಿ ಅರವತ್ತು ವರ್ಷ ದಾಟಿದೆ, ಹವಾಮಾನ ಇಲಾಖೆಯವರು ಮಿಲಿಮೀಟರ್ ಅನ್ನುತ್ತಾರೆ. ಕಾಫಿಯವರು ಮಾತ್ರ ಇಂಚು ಬಿಟ್ಟು ಕದಲಿಲ್ಲ. ನನ್ನ ಗಂಡ ಒಮ್ಮೆ ಮೊಬೈಲಿನಲ್ಲಿ ನೋಡಿ "ಇಪ್ಪತ್ತೈದು ಮಿಲಿಮೀಟರ್ ಬರುತ್ತಂತೆ" ಎಂದ. ಮಾವ "ಹಾಗಾದರೆ ತೋಟಕ್ಕೆ ಎಷ್ಟು?" ಎಂದು ಕೇಳಿದರು.

ಮಳೆ ಮಾಪಕದ್ದು ಒಂದು ದೊಡ್ಡಸ್ತಿಕೆ ಇದೆ. ನೆಲದಿಂದ ಒಂದಡಿ ಎತ್ತರಕ್ಕೆ ನಿಂತ ಡಬ್ಬ, ಮೇಲೊಂದು ಆಲಿಕೆ, ಒಳಗೆ ಬಾಟಲಿ. ಅದರ ನೆತ್ತಿಯ ಮೇಲೆ ಆಕಾಶ ಬಿಟ್ಟು ಬೇರೇನೂ ಇರಬಾರದು. ಮರದ ಕೆಳಗೆ ಇಟ್ಟರೆ ಎಲೆ ತಡೆದ ಮಳೆ ಕಡಿಮೆ ಬೀಳುತ್ತದೆ, ಆಮೇಲೆ ಎಲೆಯಿಂದ ತೊಟ್ಟಿಕ್ಕಿ ಜಾಸ್ತಿಯಾಗುತ್ತದೆ. ತೋಟದಲ್ಲಿ ಎತ್ತ ನೋಡಿದರೂ ಸಿಲ್ವರ್ ಓಕ್, ಹಲಸು, ಅತ್ತಿ. ಬಿಸಿಲು ನೇರವಾಗಿ ಬೀಳುವ ಜಾಗ ಮನೆಯ ಹತ್ತಿರ ಒಂದೇ ಒಂದು. ಬಟ್ಟೆ ಒಣಗಿಸಲು ಅಲ್ಲೇ ತಂತಿ ಕಟ್ಟೋಣ ಎಂದು ನಾನು ಬಂದ ಹೊಸತರಲ್ಲಿ ಹೇಳಿದೆ. ಮನೆಯವರೆಲ್ಲ ನನ್ನನ್ನು ನೋಡಿದ ರೀತಿಯಲ್ಲೇ ಉತ್ತರ ಸಿಕ್ಕಿತು. ಸೀರೆಯಿಂದ ಹಾರಿದ ಒಂದು ಹನಿ ಆಲಿಕೆಗೆ ಬಿದ್ದರೆ ಇತಿಹಾಸವೇ ಸುಳ್ಳಾಗುತ್ತದಲ್ವಾ!

ಬೆಳಿಗ್ಗೆ ಎಂಟೂವರೆಗೆ ಅಳತೆ. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆಯವರೆಗೆ ಬಿದ್ದದ್ದೆಲ್ಲ ಇವತ್ತಿನ ಲೆಕ್ಕಕ್ಕೆ. ಮಾವ ಕೊಡೆ ಹಿಡಿದು ಹೋಗಿ, ಗಾಜಿನ ಅಳತೆ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, "ಅರವತ್ತೆರಡು" ಎಂದು ಕೂಗುತ್ತಾರೆ. ಒಳಗಿನಿಂದ ಅತ್ತೆ "ಅಷ್ಟೇನಾ? ರಾತ್ರಿಯೆಲ್ಲ ಹೊಯ್ದಿತ್ತಲ್ಲ" ಎಂದು ಅನುಮಾನ ಪಡುತ್ತಾರೆ. ಆಮೇಲೆ ತಿಂಡಿ.

ನನಗೆ ಹುಚ್ಚು ಹಿಡಿಸಿದ್ದು ಅಂಕಿಗಳಲ್ಲ, ಷರಾ. ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಸಂತೋಷ ಪಡುವುದಿಲ್ಲ. ಥ್ಯಾಂಕ್ಸ್ ಅಂದರೆ ಮುಜುಗರ ಪಡುತ್ತಾರೆ. ಹುಟ್ಟುಹಬ್ಬಕ್ಕೆ ಹಾರೈಸಿದರೆ "ಹೌದಾ, ಇವತ್ತಾ?" ಎಂದು ಬೇರೆ ಯಾರದೋ ವಿಷಯ ಕೇಳಿದವರಂತೆ ಎದ್ದು ಹೋಗುತ್ತಾರೆ. ಆದರೆ ಹಳೆಯ ಪುಸ್ತಕಗಳ ಕಟ್ಟು ಬಿಚ್ಚಿದರೆ ಎಲ್ಲವೂ ಅಲ್ಲಿದೆ. "ಕುಯ್ಲು ಮುಗಿಯಿತು. ಎಲ್ಲರಿಗೂ ಊಟ." "ಫೋನ್ ಬಂತು, ಮಾತು ಕೇಳಲಿಲ್ಲ." "ಕಿತ್ತಳೆಗೆ ಒಳ್ಳೆ ರೇಟು. ಇವಳಿಗೆ ಬಳೆ." ನನ್ನ ಗಂಡ ಹುಟ್ಟಿದ್ದು 1994ರ ಜುಲೈಯಲ್ಲಿ. ಆ ದಿನದ ಸಾಲು ಹೀಗಿದೆ: ಇಂಚು 3, ಸೆಂಟು 40, ಷರಾ "ಗಂಡು. ಸೇತುವೆ ಮೇಲೆ ನೀರು." ಯಾವುದು ಮುಖ್ಯ ಸುದ್ದಿ, ಯಾವುದು ಉಪಸುದ್ದಿ ಎಂದು ಅವನು ಇವತ್ತಿಗೂ ಅಪ್ಪನನ್ನು ಕೇಳುತ್ತಾನೆ. ಮಾವ ಹೇಳುವುದಿಲ್ಲ.

2018ರ ಆಗಸ್ಟಿನ ಪುಟದಲ್ಲಿ ಮಾತ್ರ ಷರಾ ಖಾಲಿ. ಮುಕ್ಕೋಡ್ಲು, ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡಗಳೇ ಜಾರಿ ಬಂದ ದಿನಗಳು ಅವು. ನಮ್ಮ ಮನೆಗೆ ಏನೂ ಆಗಲಿಲ್ಲ. ಅಂಕಿಗಳು ಇವೆ, ಒತ್ತಿ ಬರೆದ ಅಂಕಿಗಳು. ನಾನು ಆ ಪುಟದ ಬಗ್ಗೆ ಕೇಳಿಲ್ಲ.

ನಮ್ಮ ಮದುವೆಯಾದದ್ದು 2023ರ ಮೇ ತಿಂಗಳಲ್ಲಿ. ಷರಾ: "ಮದುವೆ. ಬಸ್ಸು ತಡ." ಆ ವರ್ಷ ಮಳೆ ಕೈಕೊಟ್ಟಿತು. ಜೂನ್ ಬಂದರೂ ಲೋಟದಲ್ಲಿ ಹತ್ತು ಸೆಂಟು, ಹದಿನೈದು ಸೆಂಟು. ಆಗ ಶುರುವಾಯಿತು ನನ್ನಪ್ಪನ ಫೋನು. ಒಂಬತ್ತು ಗಂಟೆಗೆ ಸರಿಯಾಗಿ ಬರುತ್ತಿತ್ತು. ಮಗಳು ಹೇಗಿದ್ದಾಳೆ ಎಂದು ಕೇಳಲು ಅಂತ ನಾನು ಮೊದಮೊದಲು ಕರಗಿಹೋಗುತ್ತಿದ್ದೆ. "ಚೆನ್ನಾಗಿದ್ದೀಯಾ?" ಎಂಬುದು ಒಂದು ಉಸಿರಿನಲ್ಲಿ ಮುಗಿಯುತ್ತಿತ್ತು. "ಮಳೆ ಎಷ್ಟವ್ವ?" ಎಂಬುದಕ್ಕೆ ದೀರ್ಘ ವಿಚಾರಣೆ. ನಿಮ್ಮಲ್ಲಿ ಬಿತ್ತಾ, ಭಾಗಮಂಡಲದ ಕಡೆ ಬಿತ್ತಾ, ಹೊಳೆ ಕೆಂಪಗಾಯ್ತಾ? ನಮ್ಮ ತೋಟದ ನೀರು ಹಳ್ಳಕ್ಕಿಳಿದು ಕಾವೇರಿ ಸೇರುತ್ತದೆ, ಕುಶಾಲನಗರ, ರಾಮನಾಥಪುರ, ಚುಂಚನಕಟ್ಟೆ ದಾಟಿ ಕಟ್ಟೆಗೆ ಹೋಗುತ್ತದೆ, ಅಲ್ಲಿಂದ ವಿಶ್ವೇಶ್ವರಯ್ಯ ನಾಲೆ ಹಿಡಿದು ಅಪ್ಪನ ಗದ್ದೆಗೆ. ಬೀಗರ ಮಳೆಯ ಮೇಲೆ ತನಗೂ ಹಕ್ಕಿದೆ ಎಂದು ಅಪ್ಪ ತೀರ್ಮಾನಿಸಿದಂತಿತ್ತು. ಸೆಪ್ಟೆಂಬರ್‌ನಲ್ಲಿ ನೀರಿಗಾಗಿ ಮಂಡ್ಯ ಬಂದ್ ಆದಾಗ ಫೋನು ಮಾಡಿ, "ನಿಮ್ಮ ಮಾವನಿಗೆ ಹೇಳು, ಇನ್ನೊಂಚೂರು ಬಿಡಿ ಅಂತ" ಎಂದರು. ಮಾವ ಅದನ್ನು ಗಂಭೀರವಾಗಿಯೇ ಕೇಳಿಸಿಕೊಂಡರು. ಆ ದಿನದ ಷರಾ: "ಬೀಗರು ನೀರು ಕೇಳಿದರು."

ನಿಧಾನವಾಗಿ ಪುಸ್ತಕ ನಮ್ಮ ಕೈಗೂ ಬಂತು. ಮಾವನಿಗೆ ಮಂಡಿ ನೋವು. ಜಾರುವ ಅಂಗಳ. ಗಂಡನ ಪಾಳಿಯಲ್ಲಿ ಬರೀ ಅಂಕಿ ಇರುತ್ತಿತ್ತು. ಷರಾದಲ್ಲಿ ಏನಾದರೂ ಬರಿ ಅಂದರೆ "ಏನೂ ಆಗಿಲ್ಲವಲ್ಲ" ಎನ್ನುತ್ತಿದ್ದ. ಏನೂ ಆಗದೆ ಇರುತ್ತದೆಯೇ? ಪಾಲಿಬೆಟ್ಟಕ್ಕೆ ಸ್ಕೂಟರಿನಲ್ಲಿ ಹೊರಟು, ರಸ್ತೆಯಲ್ಲಿ ಆನೆ ಇದೆ ಎಂದು ಗೊತ್ತಾಗಿ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಂಜೆವರೆಗೆ ಬೋಂಡಾ ತಿನ್ನುತ್ತಾ ಕೂತದ್ದು ಆಗಿದ್ದಲ್ಲವೇ? ಹಲಸಿನ ಹಣ್ಣಿನ ಕಾಲದಲ್ಲಿ ಆನೆ ಅಂಗಳದಂಚಿಗೇ ಬಂದು ನಿಂತಾಗ, ಕಿಟಕಿಯ ಹಿಂದೆ ಇಬ್ಬರೂ ಕೈ ಹಿಡಿದು ಉಸಿರು ಬಿಗಿಹಿಡಿದದ್ದು? ಅದನ್ನು ನಾನೇ ಬರೆದೆ: "ಆನೆ ಇದ್ದುದರಿಂದ ಅಳೆಯಲಿಲ್ಲ. ನಾಳೆಯ ಜೊತೆ ಸೇರಿಸಿದೆ." ಕೈ ಹಿಡಿದದ್ದನ್ನು ಬರೆಯಲಿಲ್ಲ. ಮಾವ ಓದುತ್ತಾರೆ.

ಅವರು ಓದುತ್ತಾರೆ ಎಂಬುದೇ ನಮಗೆ ಕಷ್ಟ, ಅದೇ ಮಜಾ. ಒಂದು ದಿನ ನಾವಿಬ್ಬರೂ ಯಾವುದೋ ಸಣ್ಣ ವಿಷಯಕ್ಕೆ ಜೋರು ಜಗಳ ಆಡಿದೆವು. ಮರುದಿನ ಬೆಳಿಗ್ಗೆ ಗಂಡ ಮೊದಲ ಬಾರಿಗೆ ಷರಾ ಬರೆದಿದ್ದ: "ಮಳೆ ಇಲ್ಲ. ಗುಡುಗು ಮಾತ್ರ." ನಾನು ಅದರ ಕೆಳಗೆ "ಸಿಡಿಲು ಇನ್ನೂ ಬಾಕಿ" ಎಂದು ಸೇರಿಸಿದೆ. ಸಂಜೆ ನೋಡಿದರೆ ಮಾವನ ಅಕ್ಷರದಲ್ಲಿ ಮೂರನೆಯ ಸಾಲು. "ಮೋಡ ಚದುರಲಿ." ಊಟಕ್ಕೆ ಕೂತಾಗ ಮೂವರ ಮುಖದಲ್ಲೂ ಏನೂ ಇಲ್ಲ. ನಾನು ಮಾಡಿದ ರಾಗಿ ಮುದ್ದೆಯ ಬಗ್ಗೆ ಅಭಿಪ್ರಾಯ ಸಿಕ್ಕಿದ್ದೂ ಇಲ್ಲೇ. ಅಕ್ಕಿ ಕಡುಬು ತಿಂದು ಬೆಳೆದ ಮನೆ ಇದು, ಮುದ್ದೆಯನ್ನು ಯಾರೂ ಹೊಗಳಲಿಲ್ಲ. ಆದರೆ ಪುಸ್ತಕದಲ್ಲಿತ್ತು: "ಸೊಸೆ ಮುದ್ದೆ ಮಾಡಿದಳು. ಪರವಾಗಿಲ್ಲ." ನನ್ನ ಡಿಗ್ರಿ ಸರ್ಟಿಫಿಕೇಟಿಗಿಂತ ಆ ಪುಟವನ್ನು ಜೋಪಾನವಾಗಿ ಇಟ್ಟಿದ್ದೇನೆ.

2024ರ ಜುಲೈ ಕೊನೆಯಲ್ಲಿ ಕಟ್ಟೆ ತುಂಬಿತು. ಅದೇ ವಾರ ಮಗಳು ಹುಟ್ಟಿದಳು, ಮೈಸೂರಿನ ಆಸ್ಪತ್ರೆಯಲ್ಲಿ, ಬೆಳಗಿನ ಜಾವ. ಎರಡೂ ಕಡೆಯ ಅಜ್ಜಂದಿರಿಗೆ ಒಂದೇ ಹೊತ್ತಿಗೆ ಎರಡು ಖುಷಿ, ಯಾವುದಕ್ಕೆ ಹೆಚ್ಚು ಹಿಗ್ಗಬೇಕೆಂದು ತಿಳಿಯಲಿಲ್ಲ. ಅಪ್ಪ ಫೋನಿನಲ್ಲಿ "ಎಷ್ಟು?" ಎಂದರು. ಗಂಡ "ಎರಡು ಕೆಜಿ ಒಂಬೈನೂರು" ಎಂದ. "ಅಲ್ಲಪ್ಪ, ಅಲ್ಲಿ ಮಳೆ ಎಷ್ಟು?" ಇತ್ತ ಸಿದ್ದಾಪುರದಲ್ಲಿ ಮಾವನಿಗೆ ಬೇರೆಯೇ ಸಮಸ್ಯೆ. ಮಗು ಹುಟ್ಟಿದ್ದು ಎಂಟೂವರೆಗೆ ಮುಂಚೆ. ಆಗ ಸುರಿಯುತ್ತಿದ್ದ ಮಳೆ ಅವತ್ತಿನ ಲೆಕ್ಕಕ್ಕೇ ಬಂತು, ಸರಿ. ಎರಡು ಗಂಟೆ ತಡವಾಗಿದ್ದರೆ ಮಗಳ ಮಳೆ ಮರುದಿನದ ಸಾಲಿಗೆ ಹೋಗುತ್ತಿತ್ತು. "ಹೊತ್ತು ನೋಡಿಯೇ ಬಂದಿದ್ದಾಳೆ" ಎಂದು ಅತ್ತೆಯ ಹತ್ತಿರ ಹೇಳಿದರಂತೆ. ಈ ಮನೆಯಲ್ಲಿ ಒಂದು ಮಗುವಿಗೆ ಸಿಕ್ಕಿದ ಅತಿ ದೊಡ್ಡ ಹೊಗಳಿಕೆ ಅದು.

ಬಾಣಂತನ ಮುಗಿಸಿ ಬಂದದ್ದು ಚಳಿಗಾಲದಲ್ಲಿ. ಮರುವರ್ಷದ ಮುಂಗಾರಿನಲ್ಲಿ ನನಗೆ ಸೊನ್ನೆಯ ಬೆಲೆ ಗೊತ್ತಾಯಿತು. 2025ರಲ್ಲಿ ಮಳೆ ಬೇಗ ಹಿಡಿದು, ಜೂನ್ ಮುಗಿಯುವುದರೊಳಗೆ ಕಟ್ಟೆ ತುಂಬಿ, ಅಪ್ಪ ನಿಶ್ಚಿಂತರಾದರು. ಇಲ್ಲಿ ಮಗುವಿನ ಬಟ್ಟೆ ಒಣಗಬೇಕಲ್ಲ! ಅಗ್ಗಿಷ್ಟಿಕೆಗೆ ಕೆಂಡ ಹಾಕಿ, ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಒಂದೊಂದೇ ಚೌಕ ಬಟ್ಟೆ ಹರಡಿ ಅತ್ತೆ ಕೂರುತ್ತಿದ್ದರು. ಮಗಳ ಮೈಯೆಲ್ಲ ಹೊಗೆ ವಾಸನೆ. ಯಾವತ್ತಾದರೂ ಲೋಟದಲ್ಲಿ ಏನೂ ಇಲ್ಲದಿದ್ದರೆ ಮನೆಯಲ್ಲಿ ಹಬ್ಬ. ಷರಾ ಬರೆಯಲೂ ಪುರುಸೊತ್ತಿಲ್ಲದೆ ಎಲ್ಲರೂ ಬಟ್ಟೆ ಎತ್ತಿಕೊಂಡು ಅಂಗಳಕ್ಕೆ ಓಡುತ್ತಿದ್ದೆವು. ಆ ಸೊನ್ನೆಗಳನ್ನು ನಾನು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.

ಆ ಆಗಸ್ಟ್ 3ಕ್ಕೆ ನನ್ನಮ್ಮ ಇಲ್ಲೇ ಇದ್ದರು. ಕೊಡಗಿನಲ್ಲಿ ಅದು ಕಕ್ಕಡ ಹದಿನೆಂಟು, ಅಂದರೆ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಮದ್ದು ಸೊಪ್ಪಿನಲ್ಲಿ ಅವತ್ತು ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂದು ನಂಬಿಕೆ. ಸೊಪ್ಪು ಕುದಿಸಿದ ನೀರು ಗಾಢ ನೇರಳೆ ಬಣ್ಣ, ಅದರಲ್ಲೇ ಪಾಯಸ. ಪಕ್ಕದ ಮನೆಯ ಕೊಡವ ಅಜ್ಜಿ ಒಂದು ಪಾತ್ರೆ ತಂದುಕೊಟ್ಟರು. ಮಗಳು ಎರಡು ಚಮಚ ಚಪ್ಪರಿಸಿದಳು. ಮರುದಿನ ಬೆಳಿಗ್ಗೆ ಅಮ್ಮ ಮಗುವಿನ ಚೌಕ ಹಿಡಿದುಕೊಂಡು ಕಿರುಚುತ್ತಾ ಬಂದರು. ಕೆಂಪು! ಆಸ್ಪತ್ರೆಗೆ ಹೊರಡಲು ಸೀರೆಯನ್ನೂ ಬದಲಾಯಿಸಿಯಾಗಿತ್ತು. ಮದ್ದು ಸೊಪ್ಪು ತಿಂದರೆ ಉಚ್ಚೆ ಕೆಂಪಗೆ ಹೋಗುತ್ತದೆ, ಮದ್ದು ಹಿಡಿದಿದೆ ಎಂದರ್ಥ ಎಂದು ಅತ್ತೆ ಎಷ್ಟು ಹೇಳಿದರೂ ಅಮ್ಮ ನಂಬಲಿಲ್ಲ. ಕೊನೆಗೆ ಮಾವ ಬಾಗಿಲ ಬಳಿ ನಿಂತು ತುಂಬಾ ಸಂಕೋಚದಿಂದ "ನಮ್ಮದೂ ಹಾಗೇ ಇದೆ" ಎಂದರು. ಮನೆಯಲ್ಲಿ ಅಷ್ಟು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಷರಾದಲ್ಲಿ ಏನಿದೆ ಗೊತ್ತೇ? "ಮಗುವಿಗೆ ಮದ್ದು ಹಿಡಿಯಿತು. ಬೀಗತಿಗೆ ಗಾಬರಿ."

ಇದೆಲ್ಲದರ ಫೋಟೋಗಳೂ ಇವೆ. ನಮ್ಮಿಬ್ಬರ ಮೊಬೈಲು ತುಂಬಿ, ಜಾಗ ಇಲ್ಲ ಎಂದು ದಿನಾ ಗೋಳಿಡುತ್ತದೆ. ಮಗಳ ಮೊದಲ ಹಲ್ಲಿನ ಫೋಟೋ ಬೇಕೆಂದರೆ ಅರ್ಧ ರಾತ್ರಿ ಹುಡುಕಬೇಕು. ಪುಸ್ತಕದಲ್ಲಾದರೆ ಸುಲಭ. ಹಲ್ಲು ಬಂದದ್ದು ಹೂಮಳೆಯಾದ ಮೇಲೆ, ಬ್ಯಾಕಿಂಗ್ ಮಳೆಗೆ ಮುಂಚೆ. ರೋಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಾದರೂ ಮಳೆ ಬೇಕು. ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯ ವಾಸನೆ ಬರುತ್ತದೆ. ಆಮೇಲೆ ಇನ್ನೊಂದು ಮಳೆ ಬಂದು ಹೂವನ್ನು ಕಾಯಿ ಕಚ್ಚಿಸಬೇಕು, ಅದೇ ಬ್ಯಾಕಿಂಗ್. ಈ ಎರಡರ ನಡುವಿನ ಪುಟ ಎಲ್ಲರಿಗೂ ಬಾಯಿಪಾಠ. ಹಲ್ಲು ಅಲ್ಲೇ ಇದೆ, ನಲವತ್ತು ಸೆಂಟಿನ ಪಕ್ಕದಲ್ಲಿ.

ಹೂಮಳೆಯ ಕಾಲದಲ್ಲಿ ಕೊಡಗಿನವರು ಒಳ್ಳೆಯವರಾಗಿರುವುದು ಕಷ್ಟ. ಸುತ್ತಲಿನ ತೋಟದವರದ್ದೊಂದು ವಾಟ್ಸಾಪ್ ಗುಂಪಿದೆ, ಬೆಳಿಗ್ಗೆ ಎಲ್ಲರೂ ತಂತಮ್ಮ ಮಳೆ ಹಾಕುತ್ತಾರೆ. ಅಮ್ಮತ್ತಿ 1 ಇಂಚು 20. ಪಾಲಿಬೆಟ್ಟ 85. ನಮ್ಮದು ಸೊನ್ನೆ. "ಅಭಿನಂದನೆಗಳು" ಎಂದು ಕೈ ಮುಗಿಯುವ ಚಿತ್ರ ಕಳಿಸಿ, ಗಂಡ ಮೊಬೈಲನ್ನು ದಿಂಬಿನ ಕೆಳಗೆ ತಳ್ಳುತ್ತಾನೆ. ರಸ್ತೆಯ ಆ ಬದಿಗೆ ಬಿದ್ದ ಮಳೆ ಈ ಬದಿಗೆ ಬಾರದಿರುವುದು ಇಲ್ಲಿ ಮಾಮೂಲು.

ಈ ವರ್ಷ ಮಾರ್ಚ್‌ನಲ್ಲಿ ಒಂದು ರಾತ್ರಿ ನಾಲ್ಕು ಹನಿ ಉದುರಿದ ಸದ್ದು. ಬೆಳಿಗ್ಗೆ ಗಂಡ ಅರ್ಧ ನಿದ್ದೆಯಲ್ಲೇ ಹೋಗಿ ಅಳೆದ. 1 ಇಂಚು 18! ಕೂಗಿದ ಕೂಗಿಗೆ ನಾಯಿ ಎದ್ದಿತು. ತಕ್ಷಣ ಗುಂಪಿಗೆ ಹಾಕಿಯೂ ಬಿಟ್ಟ. ಕೈ ಮುಗಿಯುವ ಚಿತ್ರಗಳು ಬಂದವು, ಈ ಸಲ ಅವರ ಸರದಿ. ಪಕ್ಕದ ತೋಟದವರು ಮಾತ್ರ "ನಮ್ಮಲ್ಲಿ ಏನೂ ಇಲ್ಲವಲ್ಲ ಮಾರಾಯ" ಎಂದು ಫೋನು ಮಾಡಿದರು. ಮಾವ ಏನೂ ಹೇಳದೆ ಹೊರಗೆ ಹೋಗಿ, ಗಿಡದ ಬುಡದಲ್ಲಿ ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕಿದರು. ಧೂಳು ಎದ್ದಿತು. ಅಷ್ಟರಲ್ಲಿ ಮಗಳು ಸ್ನಾನದ ಮನೆಯ ಮಗ್ ಹಿಡಿದು, ನೀರು ಚೆಲ್ಲುತ್ತಾ ನೇರ ಮಾಪಕದ ಕಡೆ ನಡೆದಳು. ಒಂದಡಿ ಎತ್ತರ ಅವಳಿಗೆ ಹೇಳಿ ಮಾಡಿಸಿದ್ದು.

ಮಾವ ಆ ಅಂಕಿಯನ್ನು ಹೊಡೆದು ಹಾಕಲಿಲ್ಲ. ಷರಾದಲ್ಲಿ "ಮೊಮ್ಮಗಳು" ಎಂದಷ್ಟೇ ಬರೆದರು. ಈಗ ತಕರಾರು ಇರುವುದು ಡಿಸೆಂಬರ್ 31ರದ್ದು. ವರ್ಷದ ಮೊತ್ತಕ್ಕೆ ಆ 1 ಇಂಚು 18 ಸೇರಿಸಬೇಕೋ ಬೇಡವೋ? ಕಳೆಯಲೇಬೇಕು, ಲೆಕ್ಕ ಲೆಕ್ಕವೇ ಎಂದು ಗಂಡ. ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಕಳೆಯುವ ಪದ್ಧತಿ ಈ ಮನೆಯಲ್ಲಿಲ್ಲ ಎಂದು ಮಾವ. ವಿಷಯ ಮಂಡ್ಯಕ್ಕೂ ಹೋಯಿತು. ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. "ಸೇರ್ಸಿ ಬುಡಿ ಬೀಗ್ರೆ, ಕಟ್ಟೆಗೆ ಆಯ್ತದೆ" ಎಂದರು.